ಎರಡು ಮನೆಗೆ ಹಂಚಿಹೋದ ಬೀಸುವ ಕಲ್ಲು

ಕರೆಂಟು ಹೋದಾಗ ಆಸರೆಗೆ ಇರಲಿ ಎಂದು ಒಂದು ಕೈಗಿರಣಿ ತರುತ್ತೇನೆ, ಯಾವ ನಮೂನೆಯದು ತರಲಿ ಎಂದು ನಿಮ್ಮಪ್ಪ ಮೊನ್ನೆ ಕೇಳಿದ. ಟೇಬಲ್ಲಿನ ಅಂಚಿಗೆ ಬಿಗಿದು ಒಬ್ಬರೇ ಹಿಡಿಕೆ ತಿರುಗಿಸುವ ಕಬ್ಬಿಣದ್ದು ಅಂಗಡಿಗೆ ಬಂದಿದೆಯಂತೆ. ನೀವೆಲ್ಲ ಸುತ್ತ ಕುಳಿತಿದ್ದಿರಿ. ನಾಲ್ಕು ಜನರೆದುರು ಮಾತಾಡುವುದು ನನಗೆ ಎಂದೂ ಬಂದಿಲ್ಲ. "ಛಲೋದು ನೋಡಿ ತಗೊಂಬಾಪ್ಪಾ" ಎಂದಷ್ಟೇ ಹೇಳಿ ಒಳಗೆ ಹೋಗಿಬಿಟ್ಟೆ. ತವರೂರು ರನ್ನ ಬೆಳಗಲಿಯ ಸಾಲೆಯಲ್ಲಿ ಕಲಿತ ನಾಲ್ಕು ಅಕ್ಷರ ಇನ್ನೂ ಕೈಯಲ್ಲಿವೆ. ಬಾಯಿಗೆ ಬಾರದ್ದನ್ನು ಬರೆದು ಕೊಡುತ್ತೇನೆ.

ಜೋಳದ ಹಿಟ್ಟನ್ನು ಬೀಸಿ ಡಬ್ಬಿ ತುಂಬಿಡಲು ಬರುವುದಿಲ್ಲ. ಹಳತಾದರೆ ಅದರ ಜಿಗಿ ಹೋಗುತ್ತದೆ. ರೊಟ್ಟಿ ಬಡಿಯುವಾಗ ಅಂಚು ಬಿರಿಯುತ್ತದೆ, ನಾಲಿಗೆಗೆ ಕಹಿ ಹತ್ತುತ್ತದೆ. ಅದಕ್ಕೇ ನಮ್ಮ ಕಡೆ ಕಾಳು ಎಷ್ಟಿದ್ದರೂ ಗಿರಣಿ ನಿಂತ ನಾಲ್ಕೇ ದಿನಕ್ಕೆ ಮನೆಯಲ್ಲಿ ರೊಟ್ಟಿ ನಿಲ್ಲುತ್ತಿತ್ತು. ನಮ್ಮ ಊರು ತುಬಚಿ ಕಡೆ, ಹೊಳೆಯ ದಂಡೆಗೆ. ಮಳೆಗಾಲದಲ್ಲಿ ಕೃಷ್ಣೆ ಏರಿದಳೆಂದರೆ ಕಂಬ ಬೀಳುತ್ತಿದ್ದವು, ರಸ್ತೆ ಕಟ್ಟುತ್ತಿತ್ತು. ಗಿರಣಿಯವನು ಬಾಗಿಲು ಹಾಕಿಕೊಂಡು ಮಲಗುತ್ತಿದ್ದ. ಆಗ ಬೀಸುವ ಕಲ್ಲಿದ್ದ ಮನೆಯವರೇ ಪುಣ್ಯವಂತರು.

ನಾನು ಸೊಸೆಯಾಗಿ ಬಂದಾಗ ನಮ್ಮ ಮನೆಯಲ್ಲಿಯೂ ಒಂದಿತ್ತು. ಕರಿಕಲ್ಲು, ಅತ್ತೆಯ ಕಾಲದ್ದು. ಊರಿಗೆ ಆಗಿನ್ನೂ ಗಿರಣಿ ಬಂದಿರಲಿಲ್ಲ. ಆ ಕಲ್ಲಿನ ಒಂದು ಬದಿಗೆ ನಾನು ಕೂಡುತ್ತಿದ್ದೆ, ಎದುರಿಗೆ ನನ್ನ ನೆಗೆಣ್ಣಿ, ಎಂದರೆ ನಿಮ್ಮ ಅಜ್ಜನ ಅಣ್ಣನ ಹೆಂಡತಿ. ಅಕ್ಕ ಎಂದು ಕರೆಯುತ್ತಿದ್ದೆ. ಮೇಲಿನ ಕಲ್ಲಿಗೆ ಬಡಿದ ಒಂದೇ ಗೂಟವನ್ನು ಇಬ್ಬರೂ ಹಿಡಿಯಬೇಕು. ಅವಳು ತನ್ನ ಕಡೆಗೆ ಎಳೆದರೆ ನಾನು ಬಿಟ್ಟುಕೊಡಬೇಕು, ನಾನು ಎಳೆದರೆ ಅವಳು. ಇಬ್ಬರೂ ಒಮ್ಮೆಗೇ ಎಳೆದರೆ ಕಲ್ಲು ಮುನಿದು ನಿಂತುಬಿಡುತ್ತದೆ. ಮೊದಮೊದಲು ನಾನು ಬರಿ ಎಳೆಯುತ್ತಿದ್ದೆ.

"ಏ ತಂಗಿ, ಎತ್ತಿನ ಹಗ್ಗ ಜಗ್ಗಿದಂಗ ಜಗ್ಗಬ್ಯಾಡಬೇ. ಕೈ ಸಡಲ ಬಿಡು. ನಾ ಏನ್ ಗೂಟ ಕಸಗೊಂಡು ಓಡಿ ಹೋಗತೇನೇನು?" ಎನ್ನುತ್ತಿದ್ದಳು.

ತವರು ಬಿಟ್ಟು ಬಂದ ಹೊಸದು. ಗಂಡನ ಮುಖ ನೋಡಿ ಮಾತಾಡಲು ನಾಚಿಕೆ, ಅತ್ತೆಯೆಂದರೆ ಅಂಜಿಕೆ. ಕಲ್ಲಿನ ಮುಂದೆ ಕೂತಾಗ ಮಾತ್ರ ನನಗೆ ಮಾತು ಬರುತ್ತಿತ್ತು. ಕಲ್ಲಿನ ಸಪ್ಪಳದಲ್ಲಿ ನಮ್ಮ ಮಾತು ಮೂರನೆಯವರಿಗೆ ಕೇಳುತ್ತಿರಲಿಲ್ಲ. ಕಾಲು ಚಾಚಿ ಕೂತರೆ ಅವಳ ಅಂಗಾಲು ನನ್ನ ಮೊಣಕಾಲಿಗೆ ತಾಗುತ್ತಿತ್ತು. ನಿಮ್ಮಪ್ಪ ಹೊಟ್ಟೆಯಲ್ಲಿದ್ದಾನೆ ಎಂಬುದನ್ನು ಮೊಟ್ಟಮೊದಲು ಅವಳಿಗೇ ಹೇಳಿದ್ದು, ಕಲ್ಲು ತಿರುಗುವಾಗ. ಅವಳು ಕೈ ನಿಲ್ಲಿಸಲಿಲ್ಲ. ಕಾಳು ಹಾಕುವ ಕೈಯಿಂದ ನನ್ನ ಗಲ್ಲಕ್ಕೆ ಹಿಟ್ಟು ಬಳಿದು, "ಇನ್ನ ಮ್ಯಾಲ ನೀ ಬರೇ ಕೈ ಇಡು, ತಿರುವೂದು ನಾ ತಿರುವತೇನಿ" ಎಂದಳು. ಹಾಗೆಯೇ ಮಾಡಿದಳು.

ಅತ್ತೆ ತೀರಿಕೊಂಡ ಮೇಲೆ ಬಾವಿಯ ನೀರಿನ ಪಾಳಿಗಾಗಿ ಅಣ್ಣತಮ್ಮಂದಿರಿಗೆ ಮಾತಿಗೆ ಮಾತು ಬೆಳೆಯಿತು. ಬೇರೆಯಾಗುವುದು ಎಂದಾಯಿತು. ಊರ ಹಿರಿಯರು ಪಡಸಾಲೆಯಲ್ಲಿ ಕೂತು ಹಂಡೆ, ಕೊಡ, ನೇಗಿಲು ಎಲ್ಲವನ್ನೂ ಎರಡು ಪಾಲು ಮಾಡಿದರು. ಬೀಸುವ ಕಲ್ಲು ಒಂದೇ. ಭಾವನವರು, "ಹಿರ್ಯಾವ ನಾ, ಕಲ್ಲು ನಂದು" ಎಂದರು. ನಿಮ್ಮಜ್ಜ, "ಅವ್ವ ಕಡೀತನಾ ನನ್ನ ಹೆಂಡ್ತಿ ಕೈಲೇ ಉಂಡಾಳ, ಕಲ್ಲು ನಂದು" ಎಂದರು. ಗಿರಣಿ ಬಂದಾಗಿತ್ತು, ಕಲ್ಲಿನ ಮೇಲೆ ಇಬ್ಬರಿಗೂ ಅಂಥ ಆಸೆಯೇನೂ ಇರಲಿಲ್ಲ. ಹಠವಷ್ಟೇ. ಬೇಸತ್ತ ಹಿರಿಯರೊಬ್ಬರು, "ಹಂಗಾರ ಮ್ಯಾಲಿಂದು ಅವಗ, ಕೆಳಗಿಂದು ಇವಗ. ಹೋಗ್ರಿನ್ನ" ಎಂದು ಚೇಷ್ಟೆ ಮಾಡಿ ನಕ್ಕರು.

ಅಣ್ಣತಮ್ಮಂದಿರು ನಗಲಿಲ್ಲ.

"ಆತು" ಎಂದರು ಭಾವ.

"ಆತು" ಎಂದರು ನಿಮ್ಮಜ್ಜ.

ಹೀಗೆ ಮೇಲಿನ ಕಲ್ಲು ಅವರ ದನದ ಕೊಟ್ಟಿಗೆಯ ಗೋಡೆಗೆ ಒರಗಿತು, ಕೆಳಗಿನದು ನಮ್ಮ ಬಚ್ಚಲ ಮುಂದೆ ನೀರಿನ ಕೊಡ ಇಡುವ ಕಟ್ಟೆಯಾಯಿತು. ಮನೆಯ ನಡುವೆ ಮಣ್ಣಿನ ಗೋಡೆ ಎದ್ದಿತು. ಒಬ್ಬರ ಹೊಸ್ತಿಲು ಒಬ್ಬರು ತುಳಿಯಬಾರದು ಎಂದು ಇಬ್ಬರೂ ಗಂಡಸರು ಹೇಳಿದರು. ಹೆಂಗಸರನ್ನು ಯಾರೂ ಕೇಳಲಿಲ್ಲ, ನಾವೂ ಬಾಯಿ ತೆರೆಯಲಿಲ್ಲ. ನೀರಿಗೆ ಹೋದಾಗ ಅಕ್ಕ ಎದುರಾಗುತ್ತಿದ್ದಳು. ನಾಲ್ಕು ಮಂದಿ ನೋಡುತ್ತಿದ್ದಾರೆಂದು ನಾನು ತಲೆ ತಗ್ಗಿಸುತ್ತಿದ್ದೆ. ಗೋಡೆಯ ಆಚೆ ಅವಳು ರೊಟ್ಟಿ ಬಡಿಯುವುದು ನನಗೆ ಕೇಳುತ್ತಿತ್ತು. ನನ್ನದು ಅವಳಿಗೆ ಕೇಳುತ್ತಿದ್ದಿರಬೇಕು. ಎಷ್ಟೋ ಸಲ ಅವಳ ಬಡಿತ ನಿಲ್ಲುವ ತನಕ ನಾನು ನನ್ನ ಕೊನೆಯ ಹಿಟ್ಟಿನುಂಡೆಯನ್ನು ಹಾಗೇ ಕೈಯಲ್ಲಿ ಹಿಡಿದು ಕೂತದ್ದುಂಟು.

ಆಮೇಲೆ ಒಂದು ವರ್ಷ ಹೊಳೆ ಏರಿ ಗಿರಣಿ ಬಹಳ ದಿನ ನಿಂತಿತು. ಎರಡೂ ಮನೆಯಲ್ಲಿ ಜೋಳ ಇತ್ತು, ಎರಡೂ ಮನೆಯಲ್ಲಿ ಅರ್ಧರ್ಧ ಕಲ್ಲು ಇತ್ತು, ರೊಟ್ಟಿ ಮಾತ್ರ ಇರಲಿಲ್ಲ. ನಾನು ಜೋಳವನ್ನು ಒರಳಲ್ಲಿ ಕುಟ್ಟಿ ನುಚ್ಚು ಮಾಡಿ ಹಾಕಿದೆ. ನಿಮ್ಮಪ್ಪ ಆಗ ಸಣ್ಣವನು, ನುಚ್ಚು ಕಂಡರೆ ಗಂಗಾಳ ದೂಡುತ್ತಿದ್ದ. ನಿಮ್ಮಜ್ಜ ಅದನ್ನು ಕಂಡು, "ಮುಂದಿನ ಮಳೆಗಾಲದೊಳಗ ನಮ್ದೊಂದು ಕಲ್ಲು ಆಗಬೇಕು. ಜಮಖಂಡಿ ಸಂತಿಗೆ ನೀನೂ ಬಾ, ಬೀಸಾಕಿ ನೀನು, ನೀನ ಆರಿಸು" ಎಂದರು.

ಹೆಂಗಸಿಗೆ ಅಷ್ಟು ಮಾತು ಸಿಗುವುದು ದೊಡ್ಡದು. ಆದರೆ ನನಗೆ ಹೊಸ ಕಲ್ಲು ಬೇಡವಾಗಿತ್ತು. ಆ ಕೊಡದ ಕೆಳಗಿನ ಕಲ್ಲು ನನಗೆ ಬರಿ ಕಲ್ಲಾಗಿರಲಿಲ್ಲ. ಎಂದಾದರೊಂದು ದಿನ ಈ ಅರ್ಧ ಆ ಅರ್ಧವನ್ನು ಕೇಳಲೇಬೇಕು, ಅಂದು ಅಕ್ಕ ಮತ್ತೆ ನನ್ನೆದುರು ಕೂಡುತ್ತಾಳೆ ಎಂದು ನಾನು ಅದನ್ನು ದಿನಾ ತೊಳೆಯುತ್ತಿದ್ದೆ. ಹೊಸ ಕಲ್ಲು ಬಂದರೆ ಯಾರಿಗೂ ಯಾರೂ ಬೇಕಾಗುವುದಿಲ್ಲ. ಅಕ್ಕ ಗೋಡೆಯ ಆಚೆಯೇ ಉಳಿಯುತ್ತಾಳೆ. ಇದನ್ನು ಗಂಡನಿಗೆ ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಸಂತೆಯ ಅಂಚಿನಲ್ಲಿ ಗಂಡಹೆಂಡತಿ ಇಬ್ಬರು ಕಲ್ಲು ಕಡೆದು ಮಾರುತ್ತಿದ್ದರು. ಒರಳು, ರುಬ್ಬುವ ಗುಂಡು, ಬೀಸುವ ಕಲ್ಲುಗಳು ಸಾಲಾಗಿ ಬಿಸಿಲಿಗೆ ಕೂತಿದ್ದವು. ಅಕ್ಕ ಕಲಿಸಿದ್ದೆಲ್ಲ ನನಗೆ ಅಂದು ಕೆಲಸಕ್ಕೆ ಬಂತು. ನೀವೂ ತಿಳಿದಿರಿ: ಕೆಂಪು ಕಲ್ಲು ನೋಡಲು ಚೆಂದ, ಆದರೆ ಬೀಸಿದಂತೆ ಉದುರಿ ಹಿಟ್ಟಿನಲ್ಲಿ ಮಣ್ಣಾಗುತ್ತದೆ. ಕರಿಕಲ್ಲೇ ಆಗಬೇಕು. ಹರಳಿನಿಂದ ಬಡಿದರೆ ಗಂಟೆಯ ಹಾಗೆ ಖಣ್ ಎನ್ನಬೇಕು. ಬದ್ ಎಂದರೆ ಒಳಗೆ ಬಿರುಕಿದೆ ಎಂದರ್ಥ. ಮೇಲಿನದನ್ನು ಕೆಳಗಿನದರ ಮೇಲಿಟ್ಟು ಒತ್ತಿದರೆ ಯಾವ ಮೂಲೆಯಲ್ಲೂ ಅಲುಗಬಾರದು. ಕೊಳ್ಳುವ ಮುಂಚೆ ಒಂದು ಹಿಡಿ ಜೋಳ ಬೀಸಿ, ಹಿಟ್ಟನ್ನು ಹಲ್ಲಿನ ನಡುವೆ ಇಟ್ಟು ನೋಡಬೇಕು.

ನಾನು ಎಲ್ಲವನ್ನೂ ಮಾಡಿದೆ. ಮೊದಲ ಕಲ್ಲನ್ನು ಬಡಿದು ತಲೆ ಅಲ್ಲಾಡಿಸಿದೆ. ಎರಡನೆಯದರ ಬಾಯಿ ದೊಡ್ಡದು, ಕಾಳು ಹಾಗೇ ಇಳಿದು ಹೋಗುತ್ತದೆ ಎಂದೆ. ಇನ್ನೊಂದು ಭಾರ, ಮತ್ತೊಂದು ಹಗುರ. ಎಲ್ಲದಕ್ಕೂ ಒಂದೊಂದು ಕೊರತೆ ಹುಡುಕಿದೆ. ಕಲ್ಲಿನವಳು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಯವ್ವಾ, ಕಲ್ಲು ನೋಡಾಕ ಬಂದೀಯೋ, ಮಗಳಿಗೆ ವರಾ ನೋಡಾಕ ಬಂದೀಯೋ? ವರಕ್ಕೂ ಇಷ್ಟು ಐಬು ತಗೀಯಂಗಿಲ್ಲ ಯಾರೂ."

ಸುತ್ತಲಿನವರು ನಕ್ಕರು. ನಾಚಿಕೆಯಿಂದ ಸತ್ತಂತಾಯಿತು. ನಿಮ್ಮಜ್ಜನೂ ನಗುತ್ತ, "ಹದಿನಾರಾಣೆ ಖರೆ ಹೇಳಿದಿ ನೋಡವ್ವ. ನನ್ನ ಹ್ಯಾಂಗ ಒಪ್ಪಿದ್ಲೋ ಆ ಶಿವಗ ಗೊತ್ತು" ಎಂದರು.

"ನಿಮ್ಮನ್ನೇನ ಬಡದ ನೋಡಿರಲಿಕ್ಕಿಲ್ಲರಿ ಅಣ್ಣಾ" ಎಂದಳು ಅವಳು. ನಗು ಇನ್ನೂ ಜೋರಾಯಿತು.

ಕೊನೆಗೆ ಅವಳು ಗುಡಾರದ ಒಳಗಿನಿಂದ ಒಂದು ಜೋಡಿ ಉರುಳಿಸಿ ತಂದಳು. ಅದಕ್ಕೆ ಐಬೇ ಇರಲಿಲ್ಲ. ಬಡಿದರೆ ಖಣ್ ಎಂದಿತು, ಬೀಸಿದರೆ ಹಿಟ್ಟು ಬೆಣ್ಣೆಯಂತೆ ಬಂತು. ನಿಮ್ಮಜ್ಜ ಸಂಚಿಗೆ ಕೈ ಹಾಕಿದರು. ನಾನು ಹಿಟ್ಟನ್ನು ನಾಲಿಗೆಗೆ ಹಚ್ಚಿ, ಹಲ್ಲು ಕಡಿದು, ಉಗುಳಿದೆ.

"ಹರಳು ಬರತೈತ್ರಿ" ಎಂದೆ.

ಕಲ್ಲಿನವಳು ನನ್ನನ್ನೇ ದಿಟ್ಟಿಸಿ ನೋಡಿದಳು. ತಾನೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ನನ್ನ ಮುಖದಲ್ಲಿ ಏನು ಕಂಡಳೋ, ನಿಧಾನಕ್ಕೆ, "ಇರಬೇಕವ್ವ. ಬಾಯಿ ನಿಂದು" ಎಂದು ಕಲ್ಲನ್ನು ಒಳಗೆ ಉರುಳಿಸಿಕೊಂಡು ಹೋದಳು.

ಬರಿಗೈಯಲ್ಲಿ ಊರಿಗೆ ಬಂದೆವು. ನಿಮ್ಮಜ್ಜ ಇದನ್ನು ಕಟ್ಟೆಯ ಮೇಲೆಲ್ಲ ಹೇಳಿಕೊಂಡು ನಕ್ಕರು. ನಮ್ಮ ಮನೆಯಾಕಿಗೆ ಇಡೀ ಜಮಖಂಡಿಯಲ್ಲಿ ಒಂದು ಕಲ್ಲು ಮನಸ್ಸಿಗೆ ಬರಲಿಲ್ಲ ಎಂದು ಊರೇ ಆಡಿಕೊಂಡಿತು. ಆಡಿಕೊಳ್ಳಲಿ ಎಂದು ಸುಮ್ಮನಿದ್ದೆ. ಆದರೆ ಒಳಗೊಳಗೆ ಅಂಜಿದ್ದೆ. ಮಳೆ ಹಿಡಿದು ಗಿರಣಿ ನಿಂತು ಅಕ್ಕ ಬಾರದೇ ಹೋದರೆ? ಮಗುವಿನ ಬಾಯಿಂದ ರೊಟ್ಟಿ ತಪ್ಪಿಸಿದಂತಾಗುತ್ತದಲ್ಲ.

ಆ ವರ್ಷವೂ ಹೊಳೆ ಏರಿತು, ಕಂಬ ಬಿದ್ದವು. ಡಬ್ಬಿಯ ಹಿಟ್ಟು ತಳ ಕಂಡಿತು. ಮರುದಿನ ಬೆಳಿಗ್ಗೆ ಒಲೆಯ ಮುಂದೆ ಕೂತು ಜೋಳ ಕುಟ್ಟಲೋ ಬೇಡವೋ ಎನ್ನುತ್ತಿರುವಾಗ ಹಿತ್ತಿಲಲ್ಲಿ ಏನೋ ಉರುಳುವ ಸಪ್ಪಳವಾಯಿತು. ಎದ್ದು ನೋಡಿದರೆ, ಕೆಸರಿನಲ್ಲಿ ಸೀರೆ ಎತ್ತಿ ಕಟ್ಟಿಕೊಂಡು, ಮೇಲಿನ ಕಲ್ಲನ್ನು ಗಾಡಿಯ ಗಾಲಿಯ ಹಾಗೆ ಅಂಚಿನ ಮೇಲೆ ಉರುಳಿಸಿಕೊಂಡು ಅಕ್ಕ ಬರುತ್ತಿದ್ದಳು. ತಲೆಯ ಮೇಲೆ ಜೋಳದ ಬುಟ್ಟಿ.

"ಜಮಖಂಡಿ ಕಲ್ಲೆಲ್ಲಾ ಕೆಟ್ಟಾವಂತಲ್ಲಬೇ?" ಎಂದಳು, ಏದುಸಿರು ಬಿಡುತ್ತ. "ಬಡಿದು ನೋಡೂದು ನಿನಗ ಕಲಿಸಿದಾಕಿ ನಾನು. ನನ್ನ ಮುಂದ ಆಟ ಹೂಡತೀ? ಎಂಥಾ ಕಳ್ಳಿಬೇ ನೀನು!"

ನಾನು ಕೊಡ ಇಳಿಸಿ, ಕೆಳಗಿನ ಕಲ್ಲನ್ನು ಸೆರಗಿನಿಂದ ಒರೆಸಿದೆ.

ನಿಮ್ಮಜ್ಜ ಪಡಸಾಲೆಯಿಂದ ಬಂದು ಬಾಗಿಲಲ್ಲಿ ನಿಂತರು. ಅಕ್ಕನೇ ಅವರನ್ನು ಚಿಕ್ಕಂದಿನಲ್ಲಿ ಎತ್ತಿ ಆಡಿಸಿದವಳು. ಮುಖವೆತ್ತದೆ ಅಂದಳು: "ಮೈದುನಾ, ಪಾಲಿನ ಮಾತು ಹೊರಗ ಕಟ್ಟಿ ಮ್ಯಾಲ ಆಡ್ರಿ. ಹಿಟ್ಟಿಗೆ ಪಾಲಿಲ್ಲ." ಅವರು ಒಳಗಿನಿಂದ ಒಂದು ಗೋಣಿತಟ್ಟು ತಂದು ಅವಳ ಕಡೆಗೆ ಹಾಸಿ ಹೊರಗೆ ಹೋದರು.

ಎರಡು ಕಲ್ಲು ಸೇರಿದಾಗ ಒಂದು ಕೂದಲಿನಷ್ಟೂ ಅಲುಗಲಿಲ್ಲ. ಜೊತೆಗೇ ಸವೆದ ಕಲ್ಲುಗಳು. ಎರಡೂ ಮನೆಯ ಜೋಳವನ್ನು ಬೀಸಿದೆವು. ಅವಳ ಅಂಗಾಲು ನನ್ನ ಮೊಣಕಾಲಿಗೆ ತಾಗಿತು. ಅಷ್ಟು ವರ್ಷದ ಮಾತೆಲ್ಲ ಆ ಸಪ್ಪಳದೊಳಗೆ ಹರಿದು ಹೋಯಿತು.

ಕರೆಂಟು ಬಂದ ದಿನ ಅವಳು ಮೇಲಿನ ಕಲ್ಲನ್ನು ಮತ್ತೆ ಉರುಳಿಸಿಕೊಂಡು ಹೋದಳು. "ಅವರ ಪಾಲು ಅವರ ಗ್ವಾಡಿಗೆ ಇರಬೇಕು, ಇಲ್ಲಾಂದ್ರ ಮತ್ತೊಂದು ಪಂಚಾಯ್ತಿ" ಎಂದಳು. ಭಾವನವರು ರೊಟ್ಟಿ ಉಂಡರು, ಹಿಟ್ಟು ಎಲ್ಲಿಯದೆಂದು ಕೇಳಲಿಲ್ಲವಂತೆ. ಗಂಡಸರು ಕೊನೆಯ ತನಕ ಮಾತಾಡಲಿಲ್ಲ. ನಮಗೆ ಸಿಕ್ಕದ್ದು ಗಿರಣಿ ನಿಂತ ದಿನಗಳಷ್ಟೇ. ಊರಿನವರೆಲ್ಲ ಮೋಡ ನೋಡಿ ಬೆಳೆಯ ಚಿಂತೆ ಮಾಡುತ್ತಿದ್ದರೆ, ನಾನು ಹೊಳೆಯ ಕಡೆಗೆ ಕಿವಿಗೊಟ್ಟು ನಿಲ್ಲುತ್ತಿದ್ದೆ. ಕಂಬ ಬೀಳಲಿ ಎಂದು ಬೇಡಿಕೊಂಡವಳು ಆ ಸೀಮೆಯಲ್ಲಿ ನಾನೊಬ್ಬಳೇ ಇರಬೇಕು. ಅಲ್ಲ, ಇಬ್ಬರು.

ಹೀಗೆ ಕೆಲವು ಮಳೆಗಾಲ ಕಳೆದವು. ಆಮೇಲೆ ಅಕ್ಕನ ಮಗ ಬನಹಟ್ಟಿಯಲ್ಲಿ ಮಗ್ಗ ಹಾಕಿದ. ಹೊಲವನ್ನು ಕೋರಿಗೆ, ಎಂದರೆ ಬೆಳೆಯ ಪಾಲಿಗೆ, ಬೇರೆಯವರಿಗೆ ಕೊಟ್ಟು ಅವರೆಲ್ಲ ಅಲ್ಲಿಗೇ ಹೋಗುವುದು ಎಂದಾಯಿತು. ಸಾಮಾನು ಕಟ್ಟಿದ್ದರು, ಮಳೆ ನಿಂತು ರಸ್ತೆ ಬಿಟ್ಟೊಡನೆ ಗಾಡಿ ಬರುವುದಿತ್ತು. ಆ ಮಳೆಗೂ ಗಿರಣಿ ನಿಂತಿತ್ತು, ಅಕ್ಕ ಕಲ್ಲು ಉರುಳಿಸಿಕೊಂಡು ಬಂದಾಗ, ಅರ್ಧ ದಾರಿಗೆ ನಾನೇ ಹೋಗಿ ಒಂದು ಕೈ ಹಚ್ಚಿದೆ.

ಬೀಸಲು ಕೂತೆವು. "ಕಲ್ಲು?" ಎಂದು ಕೇಳಿದೆ.

"ಒಯ್ತಾರಂತ. ಬಿಟ್ಟು ಹೋಗೂಣು ಅಂದೆ. ನಮ್ಮ ಪಾಲು ಯಾಕ ಬಿಡಬೇಕು ಅಂದ್ರು."

ಬುಟ್ಟಿಯಲ್ಲಿ ಇನ್ನೂ ಅರ್ಧ ಜೋಳ ಇರುವಾಗ ಓಣಿಯಲ್ಲಿ ಹುಡುಗರು ಕರೆಂಟು ಬಂತೆಂದು ಕೂಗಿದರು. ಸ್ವಲ್ಪ ಹೊತ್ತಿಗೆ ಗಿರಣಿಯ ಪಟ್ಟಾ ತಿರುಗುವ ಸಪ್ಪಳ ಶುರುವಾಯಿತು. ಜನ ಬುಟ್ಟಿ ಹೊತ್ತು ಬಿರಬಿರನೆ ನಮ್ಮ ಬಾಗಿಲ ಮುಂದೆಯೇ ಹೋದರು. ಅಕ್ಕನಿಗೂ ಕೇಳಿತು, ನನಗೂ ಕೇಳಿತು. ಅವಳು ಕೈ ಬಿಡಲಿಲ್ಲ. ಯಾವಾಗಲೂ ಹಿಡಿ ಹಿಡಿಯಾಗಿ ಕಾಳು ಹಾಕುವವಳು ಈಗ ಚಿಟಿಕೆ ಚಿಟಿಕೆಯಾಗಿ ಹಾಕತೊಡಗಿದಳು. ನಾನು ಕಲ್ಲಿನ ವೇಗ ಇಳಿಸಿದೆ. ಹಿಟ್ಟು ಅಂಚಿನಿಂದ ಧೂಳಿನಂತೆ ಮೆಲ್ಲಗೆ ಇಳಿಯಿತು. ರೊಟ್ಟಿಗೆ ಅಷ್ಟು ನುಣುಪು ಬೇಕಾಗಿರಲಿಲ್ಲ.