ಅಂಜಿಕೆ ಇಲ್ಲದವನು ಬ್ಯಾಡಗಿಗೆ ಬಂದದ್ದು

ನಾನು ಓದು ಬಿಟ್ಟದ್ದು ೧೯೯೧ರಲ್ಲಿ, ಏಳನೆಯ ತರಗತಿಯ ನಡುವೆ. ಗಂಗೊಳ್ಳಿಯ ಒಂದು ಐಸ್ ಪ್ಲಾಂಟಿನಲ್ಲಿ ಯಂತ್ರ ಒರೆಸಲು ನಿಂತವನು, ಕೊನೆಗೆ ಸದ್ದು ಕೇಳಿಯೇ ಅದರ ರೋಗ ಹೇಳುವಷ್ಟಾದೆ. ಯಾವ ಶಾಲೆಯೂ ಕಲಿಸಿದ ವಿದ್ಯೆಯಲ್ಲ ಅದು. ಪ್ಲಾಂಟು ಮುಚ್ಚಿದ ಮೇಲೆ ಬ್ಯಾಡಗಿಗೆ ಬಂದೆ. ಇಲ್ಲಿ ಮೆಣಸಿನಕಾಯಿ ಚೀಲಗಳನ್ನು ಇಡುವ ಕೋಲ್ಡ್ ಸ್ಟೋರೇಜಿನಲ್ಲೂ ತಂಪು ಮಾಡುವ ಅದೇ ಅಮೋನಿಯಾ ಅನಿಲ, ಅದೇ ಯಂತ್ರ.

ಬಸ್ಸಿಳಿದ ಕೂಡಲೇ ಉಸಿರು ಕಟ್ಟಿತು. ನಮ್ಮಲ್ಲಿ ಗಾಳಿಗೆ ಉಪ್ಪಿನ ವಾಸನೆ. ಇಲ್ಲಿ ಗಾಳಿಯೇ ಖಾರ. ಕಣ್ಣೀರು ಸುರಿಸುತ್ತಿದ್ದ ನನ್ನನ್ನು ನೋಡಿ ಜನ ಕೆಮ್ಮುತ್ತಲೇ ನಕ್ಕರು. ಸ್ಟೋರೇಜಿನ ಸಾವ್ಕಾರರು ಚಹಾ ತರಿಸಿ, ಕೆಲಸದ್ದೆಲ್ಲ ಕೇಳಿ, ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ದೇವರಿಗೆ ಅಂಜ್ತೀರಿಲ್ಲೋ?"

"ನಾನು ಯಾರಿಗೂ ಅಂಜುವವನಲ್ಲ" ಎಂದೆ, ಎದೆಯುಬ್ಬಿಸಿ.

ಅವರ ಕೈಯ ಕಪ್ಪು ಅಲ್ಲೇ ನಿಂತಿತು. "ಹಂಗಂದ್ರ ಹೆಂಗ್ರಿ? ಅಂಜಿಕಿ ಇಲ್ಲದಾವನ್ನ ನಂಬೂದು ಹೆಂಗ?"

ಸೀಸನ್ ಹತ್ತಿರವಿತ್ತು, ಬೇರೆ ಜನ ಸಿಕ್ಕಿರಲಿಲ್ಲ. ಇಟ್ಟುಕೊಂಡರು.

ನಮ್ಮ ಕೊಂಕಣಿಯಲ್ಲಿ 'ದೆವಾಚೆಂ ಭ್ಯೆಂ' ಎನ್ನುತ್ತೇವೆ, ದೇವರ ಭಯ. ಚಿಕ್ಕಂದಿನಲ್ಲಿ ಧರ್ಮೋಪದೇಶದ ಟೀಚರು ನರಕದ ಬೆಂಕಿಯನ್ನು ಪಕ್ಕದ ಮನೆಯ ಒಲೆಯಷ್ಟು ಸಲೀಸಾಗಿ ವರ್ಣಿಸುತ್ತಿದ್ದರು. ಇಪ್ಪತ್ತಕ್ಕೆ ಆ ಭಯವನ್ನು ಕಳಚಿಟ್ಟೆ. ಚರ್ಚಿನ ಪೂಜೆಗೆ ಹೋಗುವುದನ್ನು ಬಿಡಲಿಲ್ಲ. ಈಗಲೂ ಭಾನುವಾರ ಹೆಂಡತಿ ಮಕ್ಕಳೊಂದಿಗೆ ರಾಣೆಬೆನ್ನೂರಿನ ಇಗರ್ಜಿಗೆ ಹೋಗುತ್ತೇನೆ. ಊರಲ್ಲಿ ನಿಲ್ಲಲು ಜಾಗ ಸಾಲದು, ಇಲ್ಲಿ ಬೆಂಚುಗಳು ಖಾಲಿ. ಬಾಡಿಗೆ ಮನೆ ಹುಡುಕುವಾಗ "ನೀವು ಯಾ ಪೈಕಿ?" ಎಂದು ಕೇಳಿದವರಿಗೆ ಕ್ರೈಸ್ತರು ಎಂದರೆ, "ಇರ್ಲಿ ಬಿಡ್ರಿ, ದೇವರಿಗೆ ಅಂಜೂ ಮಂದಿ ಇದ್ರ ಸಾಕು" ಎನ್ನುತ್ತಿದ್ದರು. ಮತ್ತೆ ಅದೇ ಮಾತು.

ಅದರ ಅರ್ಥ ಬಿಡಿಸಿದವನು ಬಸಣ್ಣ, ಹಲಗೇರಿಯವನು, ಆರು ಜನ ಹಮಾಲರಲ್ಲಿ ಮುಂದಾಳು. ಒಮ್ಮೆ ಅವನ ಅಪ್ಪ ಗೇಟಿಗೆ ಬಂದಾಗ ಬೀಡಿಯನ್ನು ಸರಕ್ಕನೆ ಹೊಸಕಿ ಹಾಕಿದ.

"ಏನು, ಅಪ್ಪ ಹೊಡೆಯುತ್ತಾನೋ?" ಎಂದು ಕೆಣಕಿದೆ.

"ಅಂವ ಎದ್ದು ನಿಲ್ಲಾಕ ಇಬ್ಬರು ಹಿಡೀಬೇಕು ಮಿಸ್ತ್ರಿ, ಎಲ್ಲಿ ಹೊಡೀತಾನ! ಅಂವಗ ಅಂಜ್ತೀನಿ, ಅಷ್ಟ. ನನ್ನಿಂದ ಅಂವನ ಮಾರಿ ಸಣ್ಣ ಆಗಬಾರದು."

ಕಳೆದ ವರ್ಷ ಮಾರ್ಚಿನಲ್ಲಿ ಮೂರನೆಯ ಕೋಣೆಯ ವಾಲ್ವು ನಾನೇ ರಿಪೇರಿ ಮಾಡಿದೆ. ಇನ್ನು ಹತ್ತು ವರ್ಷ ಚಿಂತೆ ಇಲ್ಲ ಎಂದು ಸಾವ್ಕಾರರ ಮುಂದೆ ಕೊಚ್ಚಿಕೊಂಡೆ. ಮರುದಿನ ಬೆಳಿಗ್ಗೆ ಆ ಬಾಗಿಲಲ್ಲಿ ನನ್ನ ಮೂಗಿಗೆ ಎಳೆಯಷ್ಟು ಅಮೋನಿಯಾ ತಾಗಿತು. ಗಂಗೊಳ್ಳಿಯಲ್ಲಾದರೆ ಅಷ್ಟಕ್ಕೇ ಎಲ್ಲರೂ ಓಡುತ್ತಿದ್ದರು. ಖಾರಕ್ಕೆ ದಿನವಿಡೀ ಕೆಮ್ಮುವ ಈ ಊರಿನಲ್ಲಿ ಯಾರಿಗೆ ಗೊತ್ತಾಗಬೇಕು?

"ಮಿಸ್ತ್ರಿ, ಒಳಗ ಹೋಗೂನೇನು?" ಬಸಣ್ಣ ಕೇಳಿದ.

ಬೇಡ ಎಂದರೆ ನಿನ್ನೆಯ ಮಾತು ಸುಳ್ಳಾಗುತ್ತಿತ್ತು. "ಹೋಗಿ" ಎಂದೆ.

ಆರೂ ಜನ ಒಳಗೆ ಹೋದರು. ನಾನು ಹೊರಗೆ ನಿಂತೆ. ನರಕದ ನೆನಪೇನೂ ಬರಲಿಲ್ಲ. ಏನಾದರೂ ಆದರೆ ಹಳೆಯ ವಾಲ್ವು ಎಂದರೆ ಮುಗಿಯಿತು, ಯಾರೂ ಕೇಳುವವರಿಲ್ಲ. ಆಗ ಅನಿಸಿತು: ಈ ಮೂಗು ಕೊಟ್ಟವನೊಬ್ಬನಿದ್ದಾನೆ, ಅವನು ಹೊಡೆಯುವುದಿಲ್ಲ, ಸುಮ್ಮನೆ ನೋಡುತ್ತಿದ್ದಾನೆ, ಅವನ ಮುಖ ಸಣ್ಣದಾಗುತ್ತಿದೆ. ಬೆಂಕಿಯ ಕಥೆ ಕೇಳಿದಾಗಲೂ ನಾನು ಹಾಗೆ ನಡುಗಿರಲಿಲ್ಲ.

"ಹೊರಗ ಬರ್ರೋ!" ಎಂದು ಕಿರುಚುತ್ತ ನುಗ್ಗಿದೆ. ಐವರು ಬಂದರು. ತೀರಾ ಒಳಗಿದ್ದ ಬಸಣ್ಣ, "ಮಿಸ್ತ್ರಿ ಖಾರಕ್ಕ ಅಂಜಿದ ನೋಡ್ರೋ!" ಎಂದು ನಗುತ್ತ ತಿರುಗಿದ. ಅಷ್ಟರಲ್ಲಿ ವಾಲ್ವು ಬಿಟ್ಟುಕೊಂಡಿತು. ಬಿಳಿ ಹೊಗೆಯೊಳಗಿಂದ ಅವನನ್ನು ತೋಳು ಹಿಡಿದು ಎಳೆದು ತಂದೆ. ಅನಿಲ ತಾಗಿದ ಅವನ ಎಡಗಣ್ಣಿನ ಮೇಲೆ ಹುಬ್ಬಳ್ಳಿಯ ಡಾಕ್ಟರು ಆಸೆ ಇಟ್ಟುಕೊಳ್ಳಬೇಡಿ ಎಂದರು.

ಸಾವ್ಕಾರರು ಎಲ್ಲರೆದುರು ಕೇಳಿದಾಗ, "ವಾಸನೆ ಬಂದಿತ್ತು. ಹೋಗಿ ಎಂದವನು ನಾನೇ" ಎಂದೆ. ಬಸಣ್ಣನ ಅಪ್ಪನೂ ಅಲ್ಲಿದ್ದ. ಸಾವ್ಕಾರರು, "ನಾಳೆ ಲಗೂ ಬರ್ರಿ" ಎಂದಷ್ಟೇ ಹೇಳಿ ಒಳಗೆ ಹೋದರು. ಅದು ಕ್ಷಮೆಯೋ ಅಲ್ಲವೋ ನನಗೆ ಇಂದಿಗೂ ತಿಳಿಯದು.

ಬಸಣ್ಣ ಈಗ ಗೇಟಿನಲ್ಲಿ ಕೂರುತ್ತಾನೆ. ನಾನು ಪ್ರತಿ ಕೋಣೆ ಮೂಸಿ ಬಂದು ಹೇಳುವ ತನಕ ಹಮಾಲರನ್ನು ಬಿಡುವುದಿಲ್ಲ. ಗಂಗೊಳ್ಳಿಗೆ ಹೋದರೆ ಅಲ್ಲಿನ ಮಕ್ಕಳು ನನ್ನ ಅಂಗಿಯ ಘಾಟಿಗೆ ಸೀನುತ್ತಾರೆ; ಇಲ್ಲಿ ನಾನು ಇನ್ನೂ 'ಘಟ್ಟದ ಕೆಳಗಿನ ಮಿಸ್ತ್ರಿ'.

ಈಗ ನನಗಿರುವುದು: ಬ್ಯಾಡಗಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಗಂಗೊಳ್ಳಿಯಲ್ಲಿ ಬೀಗ ಹಾಕಿದ ಒಂದು ಮನೆ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ನಾಲ್ಕು ಯಂತ್ರ. ಆರು ಜನ ಹಮಾಲರು, ಹನ್ನೊಂದು ಕಣ್ಣು.