ಆಷಾಢಕ್ಕೊಂದು ಸಮುದ್ರದ ಬಂಗಲೆ

ಕೋಪ ಬಂದರೆ ಮೊದಲು ಅವರ ಮೂಗಿನ ತುದಿ ಬೆವರುತ್ತಿತ್ತು. ಹಣೆಯಲ್ಲ, ಕತ್ತಲ್ಲ, ಮೂಗಿನ ತುದಿ. ಕೋಪ ಮೂಗಿನ ತುದಿಯಲ್ಲೇ ಇದೆ ಎನ್ನುವ ಮಾತನ್ನು ಎಲ್ಲರೂ ಆಡುತ್ತಾರೆ. ನಾನು ಅದನ್ನು ಕಣ್ಣಾರೆ ಕಂಡದ್ದು ನಮ್ಮ ಎದುರುಮನೆ ಮೇಡಂ ಮುಖದಲ್ಲಿ. ಅಲ್ಲಿ ಸಣ್ಣ ಹನಿಗಳು ಮೂಡಿದವೆಂದರೆ ಚಾಮರಾಜಪೇಟೆಯ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನು ತಕ್ಕಡಿ ನೆಟ್ಟಗೆ ಹಿಡಿಯುತ್ತಿದ್ದ, ಫುಟ್‌ಪಾತಿನ ಮೇಲೆ ಗಾಡಿ ನಿಲ್ಲಿಸಿದವನು ತೆಪ್ಪಗೆ ತೆಗೆಯುತ್ತಿದ್ದ. ಮೇಡಂ ಸೆರಗಿನಿಂದ ಮೂಗು ಒರೆಸಿಕೊಂಡು, "ಈಗ ಹೇಳಿ" ಅನ್ನುತ್ತಿದ್ದರು. ಹಾಗಂದ ಮೇಲೆ ಬಾಯಿಬಿಟ್ಟವರನ್ನು ನಾನು ಹೆಚ್ಚು ನೋಡಿಲ್ಲ.

ಅವರು ಸರ್ಕಾರಿ ಇಲಾಖೆಯೊಂದರಲ್ಲಿ ಸೂಪರಿಂಟೆಂಡೆಂಟ್ ಆಗಿದ್ದರು. ಮದುವೆ ಮಾಡಿಕೊಂಡಿರಲಿಲ್ಲ. ತಮ್ಮ ಸಂಬಳದಲ್ಲಿ ಆ ಪುಟ್ಟ ಹೆಂಚಿನ ಮನೆ ಕೊಂಡು, ತಾಯಿಯನ್ನು ಕೊನೆಯವರೆಗೆ ನೋಡಿಕೊಂಡು, ಆಮೇಲೆ ಒಬ್ಬರೇ ಇದ್ದರು. ಅವರ ಹಾಲಿನಲ್ಲಿ ಬುದ್ಧನ ದೊಡ್ಡ ಪಟವಿತ್ತು. ಬೀದಿಯವರು ಯಾವ ಜಾತಿ ಎಂದು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ, ಆ ಪಟ ಒಂದೇ ಸಾಕಿತ್ತು.

ನಾನು ಮದುವೆಯಾಗಿ ಬಂದದ್ದು ಅವರ ಎದುರಿನ ಮನೆಗೆ. ಮಾವನವರಿಗೆ ಸುಲ್ತಾನ್‌ಪೇಟೆಯಲ್ಲಿ ಮದುವೆ ಕಾರ್ಡಿನ ಅಂಗಡಿ. ಬೆಳಗ್ಗೆ ಎದ್ದರೆ ವಚನ ಹಾಡಿಕೊಂಡು ಲಿಂಗಪೂಜೆ ಮಾಡುವ ಮನೆ. ನನ್ನ ಅತ್ತೆ ಮಾತಿನಲ್ಲಿ ಸಕ್ಕರೆ. ಮೇಡಂ ಗೇಟಿನ ಬಳಿ ಬಂದರೆ ಕಾಫಿ ಕೊಡದೆ ಕಳಿಸಿದ್ದೇ ಇಲ್ಲ. ಆದರೆ ಆ ಕಾಫಿ ಬರುತ್ತಿದ್ದುದು ಪೇಪರ್ ಕಪ್ಪಿನಲ್ಲಿ, ಗೇಟಿಗೇ. ಉಳಿದವರಿಗೆಲ್ಲ ಒಳಗೆ ಸ್ಟೀಲ್ ಲೋಟ. ಹೊಸದರಲ್ಲಿ ನಾನು ಪೆದ್ದಿಯಂತೆ ಯಾಕೆಂದು ಕೇಳಿದೆ. "ತೊಳೆಯೋ ಕೆಲಸ ಉಳಿಯತ್ತೆ ಅಂತ ಕಣಮ್ಮ" ಅಂದರು. ಮೇಡಂ ಆ ಕಪ್ಪನ್ನು ತೆಗೆದುಕೊಂಡು, ಒಂದು ಗುಟುಕೂ ಕುಡಿಯದೆ, ಅತ್ತೆ ನೋಡುತ್ತಿದ್ದ ಹಾಗೇ ಗೇಟಿನ ಪಕ್ಕದ ದಾಸವಾಳದ ಬುಡಕ್ಕೆ ಸುರಿಯುತ್ತಿದ್ದರು. ಮತ್ತೆ ಮುಂದಿನ ಸಲ ಅತ್ತೆ ಕೊಡುತ್ತಿದ್ದರು, ಅವರು ಸುರಿಯುತ್ತಿದ್ದರು.

ಮದುವೆಯಾದ ವರ್ಷದ ಆಷಾಢ ಬಂತು. ಅತ್ತೆ ಸೊಸೆ ಆ ತಿಂಗಳು ಒಂದೇ ಹೊಸ್ತಿಲು ದಾಟಬಾರದು, ಹೊಸ ಗಂಡ ಹೆಂಡತಿ ಒಂದೇ ಸೂರಿನಡಿ ಇರಬಾರದು, ಸೊಸೆಯನ್ನು ತವರಿಗೆ ಕಳಿಸಬೇಕು. ಇದು ಎಲ್ಲರ ಮನೆಯಲ್ಲೂ ಇರುವುದೇ. ಹೆಚ್ಚಿನ ಹುಡುಗಿಯರಿಗೆ ಖುಷಿ, ಅಮ್ಮನ ಮನೆಯಲ್ಲಿ ಒಂದು ತಿಂಗಳು ಮಲಗಿ ಏಳಬಹುದು. ನನಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ. ಸಾಕಿದ್ದು ಚಿಕ್ಕಪ್ಪ. ಧಾರೆ ಎರೆದ ದಿನವೇ ಅವರು "ನಮ್ಮ ಜವಾಬ್ದಾರಿ ಮುಗೀತು" ಎಂದು ಎಲ್ಲರೆದುರು ಹೇಳಿಯೂ ಆಗಿತ್ತು. ಅತ್ತೆ ಫೋನ್ ಮಾಡಿದರೆ, ಮಗಳ ಬಾಣಂತನ ನಡೀತಿದೆ, ಮನೇಲಿ ಜಾಗ ಇಲ್ಲ ಅಂದರು. ಮಾವ ಪೇಪರಿನಿಂದ ತಲೆ ಎತ್ತಲಿಲ್ಲ. ನನ್ನ ಗಂಡ ರಾತ್ರಿಯೆಲ್ಲ ಯೋಚಿಸಿ ಬೆಳಗ್ಗೆ ಒಂದು ಉಪಾಯ ಹೇಳಿದರು: "ಒಂದ್ ತಿಂಗಳು ಪಿ.ಜಿ.ಲಿ ಇರ್ತೀಯಾ?"

ಇವತ್ತಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಊರಿನ ಮದುವೆಗಳಿಗೆಲ್ಲ ಕಾರ್ಡು ಅಚ್ಚು ಹಾಕಿ ಬದುಕುವ ಮನೆ. ತಮ್ಮ ಮನೆಯ ಮದುವೆ ಮುಗಿದ ಎರಡೇ ತಿಂಗಳಿಗೆ ಹುಡುಗಿಯನ್ನು ಇಡಲು ಪಿ.ಜಿ. ಹುಡುಕುತ್ತಿತ್ತು. ಆದರೆ ಆವತ್ತು ನನಗೆ ಉರಿಯಲಿಲ್ಲ. ಬರೀ ಅಳು ಬಂತು. ಬಟ್ಟೆ ತುಂಬಿದ ಬ್ಯಾಗು ಪಕ್ಕದಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದೆ.

ಆಫೀಸಿನಿಂದ ಬರುತ್ತಿದ್ದ ಮೇಡಂ ನಿಂತರು. ಕೇಳಿದರು. ನಾನು ಹೇಳುತ್ತ ಹೇಳುತ್ತ ಅವರ ಮೂಗಿನ ತುದಿ ಬೆವರಿತು. ಅತ್ತೆಯನ್ನು ಗೇಟಿಗೆ ಕರೆದರು.

"ಈ ಹುಡುಗೀನ ಒಂದ್ ತಿಂಗಳು ನಾನು ಕರ್ಕೊಂಡ್ ಹೋಗ್ತೀನಿ. ನಮ್ಮ ಇಲಾಖೆದು ಸಮುದ್ರದ ಹತ್ರ ಒಂದು ಹಳೇ ಬಂಗಲೆ ಇದೆ. ನನಗೆ ರಜ ಬೇಕಾದಷ್ಟಿದೆ."

"ಅಯ್ಯೋ, ನಿಮಗ್ಯಾಕೆ ತೊಂದರೆ ಮೇಡಂ" ಎಂದರು ಅತ್ತೆ. ಮುಖದಲ್ಲಿ ಮಾತ್ರ ಭಾರ ಇಳಿದ ಸಂತೋಷ. "ಅಡುಗೆಗೆಲ್ಲ ಜನ ಇರ್ತಾರಲ್ವಾ ಅಲ್ಲಿ?"

"ಇರ್ತಾರೆ. ಅಡುಗೆಯವನಿದಾನೆ."

"ಸರಿ, ಸಮುದ್ರದ ಗಾಳಿ ಒಳ್ಳೇದು" ಎಂದು ಅತ್ತೆ ನನ್ನನ್ನು ಕಳಿಸಿಕೊಟ್ಟರು.

ಹೊನ್ನಾವರದಿಂದ ಸ್ವಲ್ಪ ದೂರದಲ್ಲಿತ್ತು ಆ ಬಂಗಲೆ. ಯಾವನೋ ಇಂಗ್ಲಿಷ್ ಅಧಿಕಾರಿ ಬೇಸಿಗೆ ಕಳೆಯಲು ಹೆಂಡತಿಗಾಗಿ ಕಟ್ಟಿಸಿದ್ದಂತೆ. ಕೆಂಪು ಕಲ್ಲಿನ ಗೋಡೆ, ಹೆಂಚಿನ ಮಾಡು, ಸುತ್ತ ವರಾಂಡ, ಆಳೆತ್ತರದ ಕಿಟಕಿಗಳು. ನವೆಂಬರಿನಿಂದ ಮೇ ತನಕ ದೊಡ್ಡವರ ಶಿಫಾರಸಿಲ್ಲದೆ ಅಲ್ಲಿ ಜಾಗ ಸಿಗುತ್ತಿರಲಿಲ್ಲ. ಆಷಾಢದಲ್ಲಿ ನಾಯಿಯೂ ಬರುತ್ತಿರಲಿಲ್ಲ. ಹಾಸಿಗೆ ಒದ್ದೆ, ದಿಂಬು ಒದ್ದೆ, ಬ್ಯಾಗಿನೊಳಗಿನ ಮದುವೆಯ ಸೀರೆಗೆ ಬೂಸಲು. ಸಮುದ್ರ ನಾನು ಕ್ಯಾಲೆಂಡರಿನಲ್ಲಿ ನೋಡಿದ್ದ ನೀಲಿಯಲ್ಲ, ರಾಡಿ ಬಣ್ಣ. ಕಾಂಪೌಂಡಿನ ಕಲ್ಲಿಗೆ ಬಂದು ಗುದ್ದುತ್ತಿತ್ತು. ಹೆಂಚಿನ ಮೇಲೆ ಮಳೆ, ಎದುರಿಗೆ ಅಲೆ, ಒಬ್ಬರ ಮಾತು ಒಬ್ಬರಿಗೆ ಕೇಳಬೇಕಾದರೆ ಕೂಗಲೇಬೇಕು.

ನನಗೆ ಕೂಗಿ ಗೊತ್ತಿರಲಿಲ್ಲ. ಬೇರೆಯವರ ಮನೆಯಲ್ಲಿ ಬೆಳೆದ ಹುಡುಗಿಯರ ದನಿ ಗಂಟಲಿನಿಂದ ಆಚೆಗೆ ಬರುವುದಿಲ್ಲ. ಉಪ್ಪು ಬೇಕಾದರೂ ಎರಡು ಸಲ ಯೋಚಿಸಿ ಕೇಳುವ ಅಭ್ಯಾಸ.

"ಕೇಳಿಸ್ಲಿಲ್ಲ" ಅನ್ನುತ್ತಿದ್ದರು ಮೇಡಂ.

ಮತ್ತೆ ಹೇಳುತ್ತಿದ್ದೆ.

"ಕೇಳಿಸ್ಲಿಲ್ಲ ಕಣೇ. ಸಣ್ಣ ದನೀಲಿ ಹೇಳಿದ್ದನ್ನ ನಾನೂ ಕೇಳಿಸ್ಕೊಳ್ಳಲ್ಲ, ನಿಮ್ಮತ್ತೇನೂ ಕೇಳಿಸ್ಕೊಳ್ಳಲ್ಲ."

ವರಾಂಡದ ಗೋಡೆಗೆ ದೊರೆಗಳ ಕಾಲದ ಒಂದು ತಗಡಿನ ಬೋರ್ಡು ಹೊಡೆದಿತ್ತು, ಆಳುಗಳು ಇಲ್ಲಿ ಕೂರಕೂಡದು ಎಂದು ಇಂಗ್ಲಿಷಿನಲ್ಲಿ. ಪಾರಂಪರಿಕ ವಸ್ತು ಎಂದು ಇಲಾಖೆಯವರು ಅದಕ್ಕೆ ಹೊಸದಾಗಿ ಬಣ್ಣ ಬೇರೆ ಬಳಿಸಿದ್ದರು. ಮೇಡಂ ಸಂಜೆಯಾದರೆ ಸರಿಯಾಗಿ ಅದರ ಕೆಳಗೆ ಉದ್ದ ಕೈಯ ಆರಾಮ ಕುರ್ಚಿ ಎಳೆದುಕೊಂಡು, ಎರಡೂ ಕಾಲು ಮೇಲಿಟ್ಟು ಕೂರುತ್ತಿದ್ದರು. "ನಮ್ಮ ತಾತ ಇಂಥದ್ದೇ ಒಂದು ಬಂಗಲೇಲಿ ಪಂಖ ಎಳೀತಿದ್ದ. ಹೊರಗೆ ಬಿಸಿಲಲ್ಲಿ ಕೂತು ಹಗ್ಗ ಎಳೆಯೋದು, ಒಳಗೆ ಗಾಳಿ. ಆ ಗಾಳಿ ಹೆಂಗಿರತ್ತೆ ನೋಡೋಣ ಅಂತಾನೇ ನಾನು ಪರೀಕ್ಷೆ ಬರೆದು ಕೆಲಸಕ್ಕೆ ಸೇರಿದ್ದು" ಅಂದರು. ನಗುತ್ತಲೇ ಅಂದರು, ಆದರೆ ಮೂಗಿನ ಮೇಲೆ ಹನಿಗಳಿದ್ದವು.

ನನ್ನ ಗಂಡ ಸಂಜೆ ಹೊತ್ತು ತಾರಸಿಗೆ ಹೋಗಿ ಕದ್ದು ಫೋನ್ ಮಾಡುತ್ತಿದ್ದರು. ಆಷಾಢದಲ್ಲಿ ಹೆಂಡತಿಯ ಜೊತೆ ಮಾತಾಡಿದರೂ ದೋಷವೆಂದು ಅವರಮ್ಮ ಹೇಳಿದ್ದರಂತೆ. ಪಿಸಪಿಸ ಎಂದು "ಊಟ ಆಯ್ತಾ?" ಅನ್ನುತ್ತಿದ್ದರು. ಒಂದು ದಿನ ಮೇಡಂ ನನ್ನ ಕೈಯಿಂದ ಫೋನ್ ಕಿತ್ತುಕೊಂಡರು.

"ರೀ, ಯಾಕ್ರೀ ಪಿಸುಗುಡ್ತೀರಾ? ತಾಳಿ ಕಟ್ಟಿದೀರೋ, ಕಳ್ಳತನ ಮಾಡಿದೀರೋ? ಜೋರಾಗಿ ಮಾತಾಡಿ. ಇಲ್ಲಿ ಸಮುದ್ರ ಇದೆ."

ಆ ಕಡೆಯಿಂದ ಫೋನ್ ಕಟ್ಟಾಯಿತು. ನನಗೆ ಮೊದಲ ಬಾರಿಗೆ ಗಂಡನ ಮೇಲೆ ನಗು ಬಂತು, ನಗುವಿನ ಹಿಂದೆಯೇ ಸಿಟ್ಟೂ ಬಂತು. ಇಷ್ಟು ದಿನ ಎಲ್ಲಿತ್ತೋ.

ಎರಡನೇ ವಾರ ಹೊಳೆ ಉಕ್ಕಿ ಅಡುಗೆಯವನ ಮನೆಗೆ ನೀರು ನುಗ್ಗಿತು. ಅವನನ್ನು ಮೇಡಂ ಅವರೇ ಊರಿಗೆ ಓಡಿಸಿದರು. ಅಡುಗೆಗೆ ಅವರೇ ನಿಂತರು. ಸೊಪ್ಪಿನ ಬಸ್ಸಾರು, ಮುದ್ದೆ, ಹುರುಳಿಕಾಳಿನ ಸಾರು. ನನಗೆ ಜ್ವರ ಬಂದಾಗ ಮೆಣಸಿನ ಗಂಜಿ ಮಾಡಿ, ತಲೆ ಎತ್ತಿ ಹಿಡಿದು ಕುಡಿಸಿದರು. ಹಾಗೆ ನನ್ನ ತಲೆ ಎತ್ತಿ ಹಿಡಿದವರು ಅಮ್ಮ ಹೋದ ಮೇಲೆ ಯಾರೂ ಇರಲಿಲ್ಲ. ಪಕ್ಕದ ಕೇರಿಯವಳು ಒಣಮೀನು ತಂದು ತೋರಿಸಿದಾಗ ಅವರ ಕಣ್ಣು ಅರಳಿದ್ದನ್ನು ನಾನು ಕಂಡೆ. "ಬೇಡ, ಈ ಹುಡುಗಿ ತಿನ್ನಲ್ಲ, ವಾಸನೆಗೆ ಹೊಟ್ಟೆ ತೊಳಸತ್ತೆ" ಎಂದು ವಾಪಸು ಕಳಿಸಿದರು. ಮೀನೆಂದರೆ ಪ್ರಾಣ ಬಿಡುವ ಹೆಂಗಸು ಸಮುದ್ರದ ದಡದಲ್ಲಿ ಕೂತು ಒಂದು ತಿಂಗಳು ಅದನ್ನು ಮುಟ್ಟಲಿಲ್ಲ.

ಅತ್ತೆ ಫೋನ್ ಮಾಡಿದಾಗ ನಾನು ಸಂಭ್ರಮದಿಂದ ಹೇಳಿಬಿಟ್ಟೆ: "ಅಡುಗೆಯವ್ನು ಊರಿಗೆ ಹೋದ ಅತ್ತೆ. ಮೇಡಂ ಅವ್ರೇ ಮಾಡ್ತಾರೆ. ಬಸ್ಸಾರು ಎಷ್ಟ್ ಚೆನ್ನಾಗ್ ಮಾಡ್ತಾರೆ ಗೊತ್ತಾ?" ಲೈನ್ ಕಟ್ಟಾಯಿತು. ಸಿಗ್ನಲ್ ಹೋಯಿತು ಅಂದುಕೊಂಡೆ.

ಭೀಮನ ಅಮಾವಾಸ್ಯೆಯ ಬೆಳಗ್ಗೆ ವಾಪಸು ಬಂದೆವು. ಆವತ್ತು ಹೆಂಡತಿ ಗಂಡನ ಪಾದಪೂಜೆ ಮಾಡಬೇಕು, ಅದಕ್ಕೇ ಆ ದಿನ ಬರಹೇಳಿದ್ದರು. ಆಟೋ ಇಳಿದು ಮೆಟ್ಟಿಲು ಹತ್ತಿದರೆ ಅತ್ತೆ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಾರೆ.

"ಅಲ್ಲೇ ನಿಲ್ಲು. ಓಣಿ ಕಡೆಯಿಂದ ಹಿತ್ತಲಿಗೆ ಹೋಗಿ ತಲೆಗೆ ಸ್ನಾನ ಮಾಡು. ಅಯ್ಯನೋರು ಬರ್ತಾರೆ, ಅವ್ರ ಪಾದೋದಕ ತಗೊಂಡ್ಮೇಲೆ ಒಳಗೆ ಬರೋವಂತೆ."

"ಯಾಕತ್ತೆ?"

ಅವರು ರಸ್ತೆಯ ಕಡೆ ನೋಡಿ ದನಿ ತಗ್ಗಿಸಿದರು. "ಅವ್ರ ಕೈಯಲ್ಲಿ ಉಂಡಿದೀಯಲ್ಲಮ್ಮ."

ಮೇಡಂ ನನ್ನ ಹಿಂದೆಯೇ, ಗೇಟಿನ ಹತ್ತಿರ, ನನ್ನ ಬ್ಯಾಗು ಹಿಡಿದು ನಿಂತಿದ್ದರು.

ನಾನು ಮಾತಾಡಿದೆ. ಕೂಗಬೇಕೆಂದು ಕೂಗಿದ್ದಲ್ಲ. ಒಂದು ತಿಂಗಳು ಅಲೆಯ ಮೇಲೆ ಮಾತಾಡಿದ ಗಂಟಲು, ಅದಕ್ಕೆ ಚಾಮರಾಜಪೇಟೆಗೆ ಬಂದಿದ್ದೇವೆಂದು ಗೊತ್ತಾಗಲಿಲ್ಲ. "ಹೌದು, ಅವ್ರ ಕೈಯಲ್ಲಿ ಉಂಡಿದೀನಿ. ಜ್ವರ ಬಂದಾಗ ಅವ್ರ ತೊಡೆ ಮೇಲೆ ಮಲಗಿ ಗಂಜಿ ಕುಡಿದಿದೀನಿ. ನೀವು ಆಚೆ ಕಳ್ಸಿದ್ರಿ, ಅವ್ರು ಕರ್ಕೊಂಡ್ರು. ತೊಳೀಬೇಕಾಗಿರೋದು ನನ್ನಲ್ಲ ಅತ್ತೆ." ಆಚೀಚೆ ಮನೆಯ ಬಾಗಿಲುಗಳು ತೆರೆದವು. ಇಸ್ತ್ರಿ ಅಂಗಡಿಯವನು ಪೆಟ್ಟಿಗೆ ಎತ್ತಿ ಹಿಡಿದು ಹಾಗೇ ನಿಂತ. ಪೂಜೆಗೆಂದು ಪಂಚೆ ಉಟ್ಟು ಕೂತಿದ್ದ ನನ್ನ ಗಂಡ ಹೊರಗೆ ಬಂದರು. ನನ್ನನ್ನು ನೋಡಿದರು, ಬೀದಿಯನ್ನು ನೋಡಿದರು. "ಬಾ ಒಳಗೆ" ಅಂದರು. ಪಿಸುಗುಡಲಿಲ್ಲ.

ಆ ವರ್ಷ ಪಾದಪೂಜೆ ನಡೆಯಲಿಲ್ಲ. ಆಮೇಲೂ ನಡೆದಿಲ್ಲ.

ಆವತ್ತು ಗಂಡ ಕರೆದೊಡನೆ ನಾನು ಮೆಟ್ಟಿಲಿಳಿದು ಹೋಗಿ ಮೇಡಂ ಕೈ ಹಿಡಿದು ಎಳೆದೆ, ನನ್ನ ಜೊತೆ ಅವರನ್ನೂ ಒಳಗೆ ಕರೆದುಕೊಂಡು ಹೋಗಬೇಕೆಂದು. ಅವರು ಕೈ ಬಿಡಿಸಿಕೊಂಡರು. ಸಿಟ್ಟು ನನ್ನ ಮೇಲೂ ಇತ್ತು. "ನಿನ್ನ ಜಗಳಕ್ಕೆ ನನ್ನನ್ನ ದೊಣ್ಣೆ ಮಾಡ್ಕೋಬೇಡ. ಎಳೆದ್ರೆ ನಾನು ಬರಲ್ಲ. ಕರೆದ್ರೆ ಬರ್ತೀನಿ. ಕರೀಬೇಕಾದವ್ರು ಕರೀಲಿ." ಬ್ಯಾಗನ್ನು ಮೆಟ್ಟಿಲ ಮೇಲಿಟ್ಟು ರಸ್ತೆ ದಾಟಿ ಹೋದರು.

ಕರೆಯಬೇಕಾದವರು ಕರೆಯಲಿಲ್ಲ. ಆ ರಸ್ತೆ ಎಷ್ಟು ಕಿರಿದೆಂದರೆ ಎರಡು ಕಾರು ಎದುರುಬದುರಾದರೆ ಒಂದು ಹಿಂದಕ್ಕೆ ಹೋಗಬೇಕು. ಅಷ್ಟನ್ನು ನಮ್ಮತ್ತೆ ದಾಟಲಿಲ್ಲ. ನಾನಂತೂ ದಿನಾ ದಾಟಿದೆ. ನನ್ನ ಬಾಣಂತನ ಮೇಡಂ ಮನೆಯಲ್ಲೇ ಆಯಿತು. ಗೌರಿ ಹಬ್ಬಕ್ಕೆ ತವರಿನ ಬಾಗಿನವೂ ಅಲ್ಲಿಂದಲೇ ಬರುತ್ತಿತ್ತು. "ಇದ್ಯಾವುದ್ರಲ್ಲೂ ನನಗೆ ನಂಬಿಕೆ ಇಲ್ಲ. ಆದ್ರೆ ನಿನಗೆ ಕೊಡೋರಿಲ್ಲ ಅಂತ ಆ ಮನೇಲಿ ಯಾರೂ ಅನ್ನಬಾರ್ದು" ಎಂದು ಮೊರವನ್ನು ಫೈಲು ದಾಟಿಸುವಂತೆ ನನ್ನ ಕೈಗೆ ತಳ್ಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಮೇಡಂ ತೀರಿಕೊಂಡರು. ನಿವೃತ್ತಿಯಾಗಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ಬೆಳಗ್ಗೆ ಹಾಲು ತೆಗೆದುಕೊಳ್ಳಲು ಬಾಗಿಲು ತೆರೆದವರು ಅಲ್ಲೇ ಕುಸಿದರು, ಆಸ್ಪತ್ರೆ ಸೇರುವ ಮೊದಲೇ ಮುಗಿದಿತ್ತು. ಬೌದ್ಧ ಭಿಕ್ಕುಗಳು ಬಂದು ಪಠಣ ಮಾಡಿದರು. ನಾನು ತಲೆಯ ಹತ್ತಿರ ಕೂತಿದ್ದೆ. ಸಂಜೆ ಮನೆಗೆ ಬಂದರೆ ಅತ್ತೆ, "ಪಾಪ, ಒಳ್ಳೇ ಹೆಂಗಸು" ಅಂದರು. ಆ 'ಪಾಪ'ವನ್ನು ನಾನು ಇನ್ನೂ ಕ್ಷಮಿಸಿಲ್ಲ, ಕ್ಷಮಿಸುವ ಇರಾದೆಯೂ ಇಲ್ಲ. ಒಂದು ಸಲ, ಒಂದೇ ಒಂದು ಸಲ "ಒಳಗೆ ಬನ್ನಿ" ಎಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಈ ವರ್ಷ ನನ್ನ ಮೈದುನನ ಮದುವೆಯಾಯಿತು. ಆಷಾಢ ಹತ್ತಿರ ಬಂದಾಗ ಅತ್ತೆ ಹೊಸ ಹುಡುಗಿಗೆ ಬ್ಯಾಗು ತುಂಬಿಕೋ ಅಂದರು. ಅವಳಿಗೆ ತವರಿದೆ, ಆದರೆ ಹೋಗಲು ಮನಸ್ಸಿಲ್ಲ, ಹೇಳಲು ಬಾಯಿಯೂ ಇಲ್ಲ. ಅವಳು ತಲೆ ತಗ್ಗಿಸಿ ಸೀರೆ ಮಡಚುವುದನ್ನು ನೋಡಿ ನನ್ನ ಕಿವಿ ಬಿಸಿಯಾಯಿತು. ಅಡುಗೆಮನೆಗೆ ಹೋದೆ.

"ಅತ್ತೆ, ಅತ್ತೆ ಸೊಸೆ ಒಂದೇ ಹೊಸ್ತಿಲು ದಾಟಬಾರ್ದು, ಅಷ್ಟೇ ತಾನೇ? ಸೊಸೇನೇ ಹೋಗ್ಬೇಕು ಅಂತ ಎಲ್ಲಿದೆ? ಈ ಸಲ ನೀವು ಹೋಗಿ."

ಅವರು ತಮಾಷೆ ಎಂದುಕೊಂಡು ನಕ್ಕರು. ನಾನು ನಗಲಿಲ್ಲ. ಅವರ ಕೈಯ ಸೌಟು ನಿಂತಿತು.

"ನಾನೆಲ್ಲಿಗೆ ಹೋಗ್ಲಿ? ಅಣ್ಣ ತಮ್ಮ ಎಲ್ಲಾ ಹೋಗ್ಬಿಟ್ರು. ಈ ವಯಸ್ಸಲ್ಲಿ ನನ್ನ ಯಾರಮ್ಮ ಇಟ್ಕೋತಾರೆ?"

ಅವರ ಕಣ್ಣಲ್ಲಿ ನೀರಿತ್ತು. ನಿಜವಾದ ನೀರೇ. ಕನಿಕರ ಬರಲಿಲ್ಲವೆಂದರೆ ಸುಳ್ಳಾಗುತ್ತದೆ, ಆದರೆ ಸಿಟ್ಟು ಅದಕ್ಕಿಂತ ದೊಡ್ಡದಾಗಿತ್ತು.

"ನನಗೆ ಮೇಡಂ ಇದ್ರು" ಅಂದೆ. "ನಿಮಗೂ ಇರ್ತಿದ್ರು. ನೀವೇ ಕರೀಲಿಲ್ಲ."

ಅತ್ತೆ ಒಲೆ ಆರಿಸಿ, ಹೊರಗೆ ಹೋಗಿ, ಹೊಸ ಹುಡುಗಿಯ ಕೈಯಿಂದ ಸೀರೆ ತೆಗೆದುಕೊಂಡು ಮತ್ತೆ ಬೀರುವಿನಲ್ಲಿಟ್ಟರು.