ಮಾರಮ್ಮನ ನಿಂಬೆಹಣ್ಣು, ಮಾದೇಶನ ಬ್ರೇಕು

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬೆಳಗಿನ ಪ್ರೈವೇಟ್ ಬಸ್ಸು ಸೀಟು ತುಂಬುವ ತನಕ ಕದಲುವುದಿಲ್ಲ. ಇದು ಊರಿಗೆಲ್ಲ ಗೊತ್ತಿರುವ ವಿಷಯ. ಆದರೂ ನನ್ನ ಮಗಳು ಸುಮ ಕೋಳಿ ಕೂಗುವ ಮುಂಚೆಯೇ ನನ್ನನ್ನು ಎಬ್ಬಿಸಿ ಕೂರಿಸಿದ್ದಳು. ಆಗ ಅವಳಿಗೆ ಆರು ವರ್ಷ. ಎರಡು ಜಡೆ ಹಾಕಿಸಿಕೊಂಡು, ಸ್ಕೂಲಿನ ಬೂಟು ತೊಟ್ಟು, ಬಾಗಿಲ ಹತ್ತಿರ ಸಿಪಾಯಿಯ ಹಾಗೆ ನಿಂತಿದ್ದಳು. ಅವಳ ಸೋದರಮಾವ ಮಾದೇಶ ಅವತ್ತು ಕಾರ್ ರೇಸಿನಲ್ಲಿ ಓಡಿಸುವವನಿದ್ದ.

ನನ್ನ ಹೆಂಡತಿ ಆಗಿನ್ನೂ ಬಾಣಂತಿ. ಎರಡನೆಯ ಮಗು ಹುಟ್ಟಿ ತಿಂಗಳಾಗಿತ್ತು. ಬಾಣಂತನಕ್ಕೆಂದು ಅತ್ತೆ, ಅಂದರೆ ಮಾದೇಶನ ತಾಯಿ, ಕಳಲೆಯಿಂದ ಬಂದು ನಮ್ಮ ಮನೆಯಲ್ಲೇ ಇದ್ದರು. ಹೊರಡುವಾಗ ಅವರು ಸುಮಳ ಬಟ್ಟೆ ಚೀಲಕ್ಕೆ ಎರಡು ನಿಂಬೆಹಣ್ಣು ಹಾಕಿದರು. ಹಿಂದಿನ ದಿನ ಮಾರಮ್ಮನ ಗುಡಿಯಲ್ಲಿ ಮಂತ್ರಿಸಿ ತಂದದ್ದು, ಮೇಲೆ ಕುಂಕುಮ ಬಳಿದದ್ದು. ಇನ್ನೂ ಹಸಿರು ಬಣ್ಣ ಬಿಡದ, ಕಲ್ಲಿನಂಥ ಹಣ್ಣುಗಳು.

"ಒಂದು ನಿನ್ತಾವ ಇರ್ಲಿ ಕಣವ್ವ. ಇನ್ನೊಂದು ಮಾವುನ್ ಕಾರಿಗೆ" ಎಂದರು.

"ಚಕ್ರದ ಅಡೀಲಿಟ್ಟು ಅತ್ತುಸ್ಬೇಕು, ಅಲ್ವಾ ಅತ್ತೆ?" ಎಂದು ನಾನು ನಗುತ್ತ ಕೇಳಿದೆ.

ಅತ್ತೆ ನನ್ನನ್ನು ದಡ್ಡನನ್ನು ನೋಡುವ ಹಾಗೆ ನೋಡಿದರು. "ಅದು ಆಯುಧಪೂಜೆ ನಿಂಬೆಅಣ್ಣು ಕಣಪ್ಪ. ಇದು ಅಮ್ಮುನ್ದು. ಇದ ತುಳೀಬಾರ್ದು. ಗಾಡಿ ಒಳ್ಗೇ ಇರ್ಬೇಕು, ಯಾರ್ ಕಣ್ಗೂ ಬೀಳ್ಬಾರ್ದು. ಕಂಡ್ರೆ ಸಕ್ತಿ ಒಯ್ತದೆ."

ನಾನು ಇಂಥವನ್ನೆಲ್ಲ ಅಷ್ಟಾಗಿ ನಂಬುವವನಲ್ಲ. ಆದರೆ ಮಗ ರೇಸಿಗೆ ಹೋಗುತ್ತಾನೆಂದು ಮೂರು ದಿನದಿಂದ ಸರಿಯಾಗಿ ಊಟ ಮಾಡದ ತಾಯಿಯ ಹತ್ತಿರ ವಾದ ಮಾಡುವುದುಂಟೆ? ಸುಮ್ಮನೆ ಹೊರಟೆ.

ಬಸ್ಸಿನಲ್ಲಿ ನನಗೆ ಪೂರ್ತಿ ಟಿಕೆಟ್ಟು, ಅವಳಿಗೆ ಅರ್ಧ. ಫೆಬ್ರವರಿಯ ಕೊನೆ. ಭತ್ತ ಕೊಯ್ದ ಗದ್ದೆಗಳಲ್ಲಿ ಕೂಳೆ ಮಾತ್ರ ನಿಂತಿತ್ತು, ಕಬ್ಬಿನ ಲಾರಿಗಳ ಹಿಂದೆ ಸಿಕ್ಕಿ ನಮ್ಮ ಬಸ್ಸು ಕುಂಟಿತು. ಆ ರಸ್ತೆಯನ್ನು ಹೊಗಳುವ ಪುಣ್ಯಾತ್ಮರು ಆಗ ಯಾರೂ ಇರಲಿಲ್ಲ. ಕಿಟಕಿಯಿಂದ ಬಂದ ಧೂಳಿಗೆ ಸುಮಳ ಎಣ್ಣೆ ಹಚ್ಚಿದ ತಲೆ ಕೆಂಪಾಯಿತು. ಅವಳು ಅದನ್ನೆಲ್ಲ ಲೆಕ್ಕಕ್ಕಿಡದೆ ಮಾವ ಗೆಲ್ಲುತ್ತಾನೋ ಇಲ್ಲವೋ ಎಂದು ಕೇಳುತ್ತಲೇ ಇದ್ದಳು.

"ಇವತ್ತು ಗೆಲ್ಲೋದು ಸೋಲೋದು ಇಲ್ಲ. ಇವತ್ತು ಕ್ವಾಲಿಫೈ. ಒಂದೊಂದೇ ಕಾರು ಓಡುತ್ತೆ, ಹೊತ್ತು ನೋಡ್ತಾರೆ. ಬೇಗ ಬಂದವರನ್ನ ಮಾತ್ರ ನಾಳೆಗೆ ಇಟ್ಕೋತಾರೆ" ಎಂದೆ.

ನಾಳೆ ನನಗೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಶಿಫ್ಟು. ಶನಿವಾರ ವಾರದ ರಜೆ, ಮೇಲಾಗಿ ಶನಿವಾರ ನೋಡುವವರಿಗೆ ಟಿಕೆಟ್ ಇಲ್ಲ. ಹಾಗಾಗಿ ನಮ್ಮ ಪಾಲಿಗೆ ಬಂದದ್ದು ಕ್ವಾಲಿಫೈ. ಆದರೆ ಮಾದೇಶನಿಗೆ ಅದೇ ದೊಡ್ಡ ದಿನ. ನರಸೀಪುರದಲ್ಲಿ ಅವನದೊಂದು ತಗಡಿನ ಶೆಡ್ಡಿನ ಗ್ಯಾರೇಜು. ಬ್ರೇಕ್ ಕೆಲಸಕ್ಕೆಂದರೆ ಮಳವಳ್ಳಿ ಕಡೆಯಿಂದಲೂ ಗಾಡಿಗಳು ಅವನ ಹತ್ತಿರ ಬರುತ್ತಿದ್ದವು. ಬೆಂಗಳೂರಿನ ಒಂದು ರೇಸ್ ತಂಡದವರು, "ನೀನೇ ಕಟ್ಟಿದ ಕಾರಲ್ಲಿ ಕ್ವಾಲಿಫೈ ಆಗಿ ತೋರಿಸು, ನಮ್ಮ ಕಾರುಗಳನ್ನೆಲ್ಲ ನಿನಗೇ ಒಪ್ಪಿಸುತ್ತೇವೆ" ಎಂದಿದ್ದರು. ಆರು ತಿಂಗಳು ಅವನು ಒಂದು ಹಳೆಯ ಪುಟ್ಟ ಕಾರನ್ನು ಬಿಚ್ಚಿ ಕಟ್ಟಿದ್ದ.

ಕಬಿನಿ ಸೇತುವೆ ದಾಟಿ ನರಸೀಪುರದಲ್ಲಿ ಇಳಿದು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆವು. ಚಟ್ನಿ ನೀರು ನೀರು. ಸಂಗಮ ನೋಡೋಣವೇ ಎಂದರೆ ಮಗಳು ಒಪ್ಪಲಿಲ್ಲ. ಸೋಮನಾಥಪುರದ ಕಡೆ ಹೋಗುವ ಟೆಂಪೊದಲ್ಲಿ ಬಾಳೆಗೊನೆಗಳ ನಡುವೆ ಕೂತು ಹೊರಟೆವು. ಎಲ್ಲಿ ಇಳಿಯಬೇಕೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಆಕಾಶಕ್ಕೆ ಏಳುತ್ತಿದ್ದ ಧೂಳೇ ದಾರಿ ಹೇಳುತ್ತಿತ್ತು.

ಸೋಮನಾಥಪುರಕ್ಕೆ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಪಕ್ಕದ ಬೀಳು ಹೊಲಗಳನ್ನು ಸಮ ಮಾಡಿ ಓಟದ ದಾರಿ ಮಾಡಿದ್ದರು. ಮಣ್ಣಿನ ದಾರಿ, ಎರಡು ಕಡೆ ಹಳೆಯ ಟಯರುಗಳ ಸಾಲು. ಒಂದು ನೇರ ಓಟ, ಅದರ ಕೊನೆಗೆ ಗಕ್ಕನೆ ಎಡಕ್ಕೆ ತಿರುವು, ತಿರುವಿನ ಆಚೆ ಕಲ್ಲು ಕಟ್ಟಿದ ಒಣಗಿದ ಕಾಲುವೆ. ಸುತ್ತಮುತ್ತಲ ಹಳ್ಳಿಗಳ ಜನ ಟವೆಲ್ಲು ತಲೆಗೆ ಸುತ್ತಿಕೊಂಡು ಬದುವಿನ ಮೇಲೆ ಕೂತಿದ್ದರು. ಸೌತೆಕಾಯಿಗೆ ಉಪ್ಪು ಖಾರ ಹಚ್ಚಿ ಮಾರುವ ಹೆಂಗಸಿಗೆ ಒಳ್ಳೆ ವ್ಯಾಪಾರ.

ಮಾದೇಶ ನಮ್ಮನ್ನು ಕಂಡವನೇ ಓಡಿ ಬಂದು ಸುಮಳನ್ನು ಎತ್ತಿಕೊಂಡ. ಮೈಯೆಲ್ಲ ಗ್ರೀಸು. "ಬಂದ್ಯಾ ನಮ್ಮವ್ವ? ಬಾವ, ರಾತ್ರಿಯೆಲ್ಲ ನಿದ್ದೆ ಇಲ್ಲ ಕಣ್ರೀ" ಎಂದ. ಇಪ್ಪತ್ತಾರರ ಹುಡುಗ, ಮುಖದಲ್ಲಿ ಮದುವೆ ಗಂಡಿನ ಕಳೆ.

ಓಟಕ್ಕೆ ಮುಂಚೆ ಕಾರುಗಳ ತಪಾಸಣೆ. ಬಿಳಿ ಟೋಪಿಯ ಒಬ್ಬ ಹಿರಿಯರು ಬೆಲ್ಟು ಎಳೆದು ನೋಡಿದರು, ಬಾನೆಟ್ ಎತ್ತಿ ನೋಡಿದರು, ಬ್ರೇಕ್ ತುಳಿದು ನೋಡಿದರು. ಎರಡನೆಯ ಸಲವೂ ತುಳಿದು, "ಯಾರ್ರೀ ಮಾಡಿದ್ದು ಇದನ್ನ? ಚೆನ್ನಾಗಿದೆ" ಎಂದರು. ಮಾದೇಶನ ಕಿವಿ ಕೆಂಪಾಯಿತು. ಆದರೆ ಮುಂದುಗಡೆ ಕಟ್ಟಿದ್ದ ನಿಂಬೆಹಣ್ಣು ಮೆಣಸಿನಕಾಯಿ ದಾರವನ್ನು ಅವರು ಕಿತ್ತು ಅವನ ಕೈಗೆ ಕೊಟ್ಟರು. "ಕಾರಲ್ಲಿ ಸಡಿಲವಾದ್ದು ಏನೂ ಇರಬಾರದು. ಒಂದು ಪೆನ್ನು ಕೂಡ" ಎಂದು ಖಡಾಖಂಡಿತವಾಗಿ ಹೇಳಿದರು. ನಮ್ಮ ಫ್ಯಾಕ್ಟರಿಯಲ್ಲೂ ಮೆಷಿನ್ನಿನ ಹತ್ತಿರ ಇದೇ ಕಟ್ಟಳೆ. ಅವರು ಹೇಳಿದ್ದು ಸರಿ ಎಂದು ತಲೆಯಾಡಿಸಿದೆ.

ಸುಮಳ ಮುಖ ಬಾಡಿತು. ಬಿಸಿಲಿಗೆ ಬಾಯಾರಿರಬೇಕೆಂದುಕೊಂಡು ನಾನು ಮಜ್ಜಿಗೆ ತರಲು ಹೋದೆ. ಬರುವಷ್ಟರಲ್ಲಿ ಮಾದೇಶ ಹೆಲ್ಮೆಟ್ ಹಾಕಿಕೊಂಡು ಕಾರಿನಲ್ಲಿ ಕೂತಿದ್ದ. ಮಗಳ ಕೆನ್ನೆಯ ಮೇಲೆ ಕಣ್ಣೀರಿನ ಗೆರೆಯಿತ್ತು, ಆದರೆ ನಗುತ್ತಿದ್ದಳು.

"ಕೊಟ್ಯಾ ಮಾವಂಗೆ?" ಎಂದು ಕೇಳಿದೆ.

"ಹೂಂ. ಯಾರಿಗೂ ಕಾಣ್ಲಿಲ್ಲ" ಎಂದು ಪಿಸುಗುಟ್ಟಿದಳು.

ಜೇಬಿನಲ್ಲಿ ಇಟ್ಟುಕೊಂಡಿರುತ್ತಾನೆ ಎಂದುಕೊಂಡೆ.

ಅವನ ಸರದಿ ಬಂತು. ಬಾವುಟ ಬಿದ್ದೊಡನೆ ಕಾರು ಮಣ್ಣು ಚಿಮ್ಮಿಸಿ ಹಾರಿತು. ಮೊದಲ ಸುತ್ತು ಎಷ್ಟು ಚೊಕ್ಕವಾಗಿತ್ತೆಂದರೆ ಪಕ್ಕದಲ್ಲಿ ನಿಂತ ಬೆಂಗಳೂರಿನ ತಂಡದವನೊಬ್ಬ ತನ್ನ ಜೊತೆಯವನ ಭುಜ ತಟ್ಟಿದ. ನಾನು ಸುಮಳನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದೆ. ಅವಳು ನನ್ನ ಕೂದಲು ಹಿಡಿದೆಳೆದು "ಮಾವ, ಮಾವ" ಎಂದು ಕೂಗುತ್ತಿದ್ದಳು. ನನಗೂ ಹೆಮ್ಮೆ. ನನ್ನ ಭಾಮೈದ ಎಂದು ಪಕ್ಕದವರಿಗೆಲ್ಲ ಹೇಳಿದೆ.

ಎರಡನೆಯ ಸುತ್ತಿನಲ್ಲಿ ನೇರ ಓಟದ ಕೊನೆಗೆ ಬಂದ ಕಾರು ನಿಧಾನವಾಗಲಿಲ್ಲ. ಹಿಂದಿನ ದೀಪ ಒಮ್ಮೆ ಹತ್ತಿತು, ಅಷ್ಟೆ. ಟಯರುಗಳ ಸಾಲನ್ನು ಹಾರಿಸಿಕೊಂಡು ಹೋಗಿ ಕಾಲುವೆಯ ಕಲ್ಲಿಗೆ ಮೂತಿ ಕೊಟ್ಟು ಬಿತ್ತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಸುಮಳನ್ನು ಸೌತೆಕಾಯಿ ಹೆಂಗಸಿನ ಮಡಿಲಿಗೆ ಹಾಕಿ ಓಡಿದೆ. ಅವಳು ಮಗುವಿನ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಾಲುವೆಯೊಳಗೆ ಆಗಲೇ ನಾಲ್ಕು ಜನ ಇಳಿದಿದ್ದರು. ಮಾದೇಶನಿಗೆ ಜ್ಞಾನವಿತ್ತು. ಬಲಗಾಲು ಮಾತ್ರ ಪೆಡಲುಗಳ ಹತ್ತಿರ ಸಿಕ್ಕಿಕೊಂಡಿತ್ತು, ಮಂಡಿಯ ಕೆಳಗೆ ಅದನ್ನು ಕಾಲು ಎನ್ನುವ ಹಾಗಿರಲಿಲ್ಲ. ಯಂತ್ರದ ಕೆಲಸ ಗೊತ್ತಿದ್ದವನೆಂದು ನಾನೇ ಬಗ್ಗಿ ಕೈ ಹಾಕಿದೆ. ಪೆಟ್ರೋಲಿನ ವಾಸನೆಯ ನಡುವೆ ಇನ್ನೊಂದು ವಾಸನೆ ಬಂತು. ಹುಳಿ ವಾಸನೆ. ಬ್ರೇಕ್ ಪೆಡಲಿನ ಹಿಂದೆ, ತಗಡಿಗೆ ಒತ್ತಿಕೊಂಡು, ಆ ಗಟ್ಟಿ ನಿಂಬೆಹಣ್ಣು ಅರ್ಧ ಅಪ್ಪಚ್ಚಿಯಾಗಿ ಕೂತಿತ್ತು. ಸಿಪ್ಪೆಯ ಮೇಲೆ ಕುಂಕುಮ. ಕಾರಿನೊಳಗೆ ಎಲ್ಲೋ ಬಚ್ಚಿಟ್ಟದ್ದು ಉರುಳಿಕೊಂಡು ಬಂದು, ಬ್ರೇಕ್ ತುಳಿಯಲು ಬಿಟ್ಟಿರಲಿಲ್ಲ. ಕಾಲು ಬಿಡಿಸುವಾಗ ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಯಾಕೆ ಹಾಕಿಕೊಂಡೆನೋ, ಆ ಕ್ಷಣಕ್ಕೆ ನನಗೇ ಗೊತ್ತಿರಲಿಲ್ಲ.

ರೇಸು ನಡೆಸುತ್ತಿದ್ದ ಕ್ಲಬ್ಬಿನವರ ವ್ಯಾನಿನಲ್ಲಿ ನರಸೀಪುರದ ಆಸ್ಪತ್ರೆಗೆ ತಂದೆವು. ಮಾದೇಶನ ಗ್ಯಾರೇಜಿನ ಹುಡುಗರು ಸುಮಳನ್ನು ಹಿಂದಿನಿಂದ ಕರೆತಂದು ಹೊರಗೆ ಕೂರಿಸಿಕೊಂಡರು. ಡಾಕ್ಟರು ನೋಡಿ, ರಕ್ತ ನಿಲ್ಲುವಷ್ಟು ಮಾಡಿ, ಮೈಸೂರಿಗೆ ಒಯ್ಯಿರಿ ಎಂದರು. ಕಾಲು ಉಳಿಯುವ ಮಾತನ್ನು ಅವರು ಆಡಲಿಲ್ಲ, ನಾನೂ ಕೇಳಲಿಲ್ಲ. ಆ ಹುಡುಗರೇ ಜೊತೆಗೆ ಹೋಗಲು ಸಿದ್ಧರಾದರು. ಮನೆಯಲ್ಲಿ ಬಾಣಂತಿ ಮತ್ತು ಮುದುಕಿ ಇಬ್ಬರೇ, ಕೈಯಲ್ಲಿ ಮಗು ಬೇರೆ. ನಾನು ಸುಮಳನ್ನು ಮನೆಗೆ ಬಿಟ್ಟು ಮೈಸೂರಿಗೆ ಬರುವುದೆಂದಾಯಿತು.

ವ್ಯಾನು ಹತ್ತಿಸುವ ಮುಂಚೆ ಮಾದೇಶ ನನ್ನ ಅಂಗಿ ಹಿಡಿದು ಎಳೆದ. ತುಟಿ ಬಿಳಚಿತ್ತು.

"ಬಾವ, ಕಂಡ್ರಾ?"

"ಕಂಡೆ."

"ಎಲ್ಲದೆ ಈಗ?"

"ನನ್ ಜೇಬಲ್ಲದೆ."

ಕಣ್ಣು ಮುಚ್ಚಿ ತೆರೆದ. "ಮಗು ಅಳ್ತಿತ್ತು ಕಣ್ರೀ. ಸೀಟಿನ್ ಕೆಳ್ಗೆ ನೀನೇ ಇಡು ಅಂದೆ. ಅವ್ವುಂಗೆ ಏಳ್ಬ್ಯಾಡಿ. ಮಗೀಗಂತೂ ಸಾಯಗಂಟ ಗೊತ್ತಾಗ್ಬಾರ್ದು. ಬ್ರೇಕ್ ಫೇಲಾಯ್ತು ಅನ್ನಿ."

"ಲೇ ಮಾದೇಶ, ನಿನ್ ಕಸುಬೇ ಅದು ಕಣೋ. ನಿನ್ ಬ್ರೇಕೇ ಫೇಲಾಯ್ತು ಅಂದ್ರೆ ನಾಳೆ ಯಾವನ್ಲಾ ಗಾಡಿ ತತ್ತಾನೆ?"

"ಕಾಲೇ ಒಯ್ತು, ಕಸುಬ್ ಕಟ್ಕೊಂಡ್ ಏನ್ ಮಾಡ್ಲಿ ಬಾವ? ಅಂಗೇ ಅನ್ನಿ. ಆಣೆ ಮಾಡಿ."

ಆಣೆ ಮಾಡಿದೆ. ಅಷ್ಟರಲ್ಲಿ ತಪಾಸಣೆ ಮಾಡಿದ್ದ ಹಿರಿಯರು ಬೆವರುತ್ತ ಬಂದು, ಏನಾಯಿತು, ಬ್ರೇಕ್ ಚೆನ್ನಾಗಿತ್ತಲ್ಲ ಎಂದು ಕೇಳಿದರು. "ಫೇಲಾಯ್ತು ಸಾ. ಲೈನ್ ನಾನೇ ಸರ್ಯಾಗ್ ಕೂರಿಸ್ಲಿಲ್ಲ" ಎಂದ ಮಾದೇಶ, ಮಲಗಿದ್ದಲ್ಲಿಂದಲೇ. ಬೆಂಗಳೂರಿನ ತಂಡದವರಿಬ್ಬರೂ ಅಲ್ಲೇ ನಿಂತಿದ್ದರು. ಅವರಲ್ಲೊಬ್ಬ ಇನ್ನೊಬ್ಬನ ಮುಖ ನೋಡಿ ಹೊರಗೆ ಹೋದ. ನನ್ನ ಜೇಬು ತೇವವಾಗಿ ತೊಡೆಗೆ ಅಂಟಿಕೊಂಡಿತ್ತು. ಅದರ ಮೇಲೆ ಕೈ ಮುಚ್ಚಿಕೊಂಡು ನಿಂತೆ.

ಸಂಜೆಯ ಬಸ್ಸಿಗೆ ಹಿಂದಿರುಗಿದೆವು. ಕೆಟ್ಟ ಸುದ್ದಿಗೆ ಕಾಲು ಹೆಚ್ಚು. ನಮ್ಮ ಹಿಂದಿನ ಸೀಟಿನಲ್ಲಿ ಇಬ್ಬರು ಆಗಲೇ ಅದನ್ನೇ ಮಾತಾಡುತ್ತಿದ್ದರು.

"ಅವ್ನ್ ಕಟ್ಟಿದ್ ಬ್ರೇಕೇ ಅಂತೆ ಕಣ್ಲಾ ಕೈಕೊಟ್ಟಿದ್ದು."

"ನಮ್ ಟ್ರ್ಯಾಕ್ಟರ್ ಅವ್ನ್ ಶೆಡ್ನಾಗೇ ನಿಂತದೆ ಮಾರಾಯ. ನಾಳೀಕೇ ಎಳ್ಕೊಂಡ್ ಬತ್ತೀನಿ."

ಸುಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ. ಕೂತಿದ್ದವಳು ಎದ್ದು, ಚೀಲ ಹಿಡಿದು, ನಾನು ನೋಡುವಷ್ಟರಲ್ಲಿ ಡ್ರೈವರಿನ ಹತ್ತಿರ ಹೋಗಿದ್ದಳು. ತನ್ನ ಪಾಲಿನ ನಿಂಬೆಹಣ್ಣು ತೆಗೆದು ಅವನಿಗೆ ಕೊಟ್ಟಳು.

"ಬಸ್ಸಿಗೆ ಏನೂ ಆಗ್ಬಾರ್ದು ಅಂತ" ಎಂದಳು.

"ಆಗ್ಲಿ ತಾಯಿ, ನೀನೇ ನಮ್ ಮಾರಮ್ಮ" ಎಂದು ನಕ್ಕ ಡ್ರೈವರು ಅದನ್ನು ಕಣ್ಣಿಗೊತ್ತಿಕೊಂಡು ಪಕ್ಕದ ಇಂಜಿನ್ನಿನ ಮುಚ್ಚಳದ ಮೇಲೆ ಇಟ್ಟ. ಮುಂದಿನ ತಿರುವಿಗೇ ಅದು ಉರುಳತೊಡಗಿತು. ನಾನು ಹಾರಿ ಹೋಗಿ ಹಿಡಿದೆ. ಡ್ರೈವರು ಬೆಚ್ಚಿಬಿದ್ದು, "ಯಾಕ್ ಸಾ?" ಎಂದ. "ಬೀಳುತ್ತೆ" ಎಂದಷ್ಟೇ ಹೇಳಿದೆ. ನಂಜನಗೂಡು ಬರುವ ತನಕ ಕಂಬಿ ಹಿಡಿದು, ಹಣ್ಣನ್ನು ಮುಷ್ಟಿಯಲ್ಲಿಟ್ಟುಕೊಂಡು, ಅಲ್ಲೇ ನಿಂತಿದ್ದೆ.

ಅತ್ತೆ ಜಗುಲಿಯ ಮೇಲೆ ಕೂತಿದ್ದರು. ಪಕ್ಕದ ಅಂಗಡಿಗೆ ಫೋನ್ ಬಂದು ಸುದ್ದಿ ಮುಟ್ಟಿತ್ತು. ಒಳಗೆ ನನ್ನ ಹೆಂಡತಿ ಅಳುವುದು ಕೇಳುತ್ತಿತ್ತು. ಅತ್ತೆ ಅತ್ತು ಮುಗಿಸಿ, ಕಣ್ಣೀರು ಒಣಗಿದ ಮುಖದಲ್ಲಿ ಮೊಮ್ಮಗಳನ್ನು ಹತ್ತಿರ ಕರೆದರು.

"ಅಮ್ಮುನ್ ಅಣ್ಣು ಇಟ್ಟಿದ್ಯಾ ಕಂದ?"

"ಇಟ್ಟೆ ಅಜ್ಜಿ. ಮಾವನ ಸೀಟಿನ ಕೆಳಗೇ ಇಟ್ಟೆ. ಯಾರಿಗೂ ಕಾಣ್ಲಿಲ್ಲ."

ಅತ್ತೆ ಅವಳ ಧೂಳು ತುಂಬಿದ ತಲೆಯನ್ನು ಎದೆಗೆ ಒತ್ತಿಕೊಂಡರು. "ಅದ್ಕೇ ಕಣವ್ವ ಜೀವ ಉಳೀತು. ನೀನೇ ಉಳುಸ್ದೆ ನಿಮ್ಮಾವುನ್ನ."

ಸುಮ ಆಗ ಅತ್ತಳು. ಮಧ್ಯಾಹ್ನದಿಂದ ಹಿಡಿದಿಟ್ಟದ್ದೆಲ್ಲ ಒಟ್ಟಿಗೇ ಬಂತು. ಅತ್ತೆ ಅವಳ ಬೆನ್ನು ಸವರುತ್ತ ನನ್ನ ಕಡೆ ತಿರುಗಿದರು. ಅವರ ದನಿಯಲ್ಲಿ ಈಗ ದುಃಖದ ಜೊತೆ ಸಿಟ್ಟೂ ಇತ್ತು.

"ಅಳಿಯಂದ್ರೇ, ಬ್ರೇಕ್ ನೆಟ್ಗೆ ಕೂರ್ಸಕ್ ಬರ್ದೇ ಇದ್ದೋನು ಆ ಕಸುಬ್ನ ಯಾಕಾದ್ರೂ ಮಾಡ್ಬೇಕಿತ್ತು? ನೀವಾದ್ರೂ ಏಳ್ಬಾರ್ದಿತ್ತಾ?"

ಎರಡೂ ಜೇಬಿನಲ್ಲಿ ಎರಡು ಹಣ್ಣು ಹೊತ್ತುಕೊಂಡು ನಾನು ಅಂಗಳದಲ್ಲಿ ನಿಂತಿದ್ದೆ.

"ಹೌದು ಅತ್ತೆ, ಹೇಳಬೇಕಿತ್ತು" ಎಂದೆ. ಮೈಸೂರಿನ ಬಸ್ಸಿಗೆ ಹೊತ್ತಾಗಿತ್ತು.